ಪರದೆ ಮುಂದಿನವನು ಜರಗನಹಳ್ಳಿಗೆ ಹೋದದ್ದು

ಶುಕ್ರವಾರ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ನಾನು ಜಯನಗರದ ಮನೆ ಬಿಟ್ಟೆ. ಜರಗನಹಳ್ಳಿಯಲ್ಲಿ ನನ್ನ ಕಾರ್ಯಕ್ರಮ ಇದ್ದದ್ದು ಸಂಜೆ ಐದಕ್ಕೆ. ದೂರ ನಾಲ್ಕು ಮೈಲಿ ಇದ್ದೀತು. ಎತ್ತಿನಗಾಡಿಯಲ್ಲಿ ಹೋದರೂ ನಡುವೆ ಊಟ ಮಾಡಿ ಒಂದು ನಿದ್ದೆ ತೆಗೆದು ಮುಖ ತೊಳೆಯಬಹುದಾದ ದಾರಿಗೆ ಅಷ್ಟು ಹೊತ್ತು ಮುಂಚೆ ಹೊರಟವನನ್ನು ನೋಡಿ ನನ್ನ ಹೆಂಡತಿ ಸರೋಜ ನಕ್ಕಳು. ಅವಳೂ ಅದೇ ಹೊತ್ತಿಗೆ ತನ್ನ ಶಾಲೆಗೆ ಹೊರಟಿದ್ದಳು.

"ಮನೇಲಿ ಕೂತಿದ್ರೆ ಜರಗನಹಳ್ಳಿ ಎಲ್ಲಾದ್ರೂ ಓಡಿಹೋಗುತ್ತಾ?" ಎಂದಳು.

ಮನೆಯಲ್ಲಿ ಕೂರಲು ನನಗೆ ಆಗುತ್ತಿರಲಿಲ್ಲ. ಮಂಚದ ಪಕ್ಕದಲ್ಲಿ ಟ್ರಂಕು ಬಾಯಿ ತೆರೆದುಕೊಂಡಿತ್ತು. ಅರ್ಧ ಬಟ್ಟೆ ಒಳಗೆ, ಅರ್ಧ ಹೊರಗೆ. ಮೂರು ದಿನದಿಂದ ನಾನು ಒಂದು ಪಂಚೆ ಒಳಗಿಡುವುದು, ಎರಡು ಅಂಗಿ ಹೊರಗೆ ತೆಗೆಯುವುದು ಮಾಡುತ್ತಿದ್ದೆ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಾನು ನಾಟಕ ಕಂಪನಿಯಲ್ಲಿ ಪರದೆ ಮುಂದಿನವನು. ಒಂದು ದೃಶ್ಯ ಮುಗಿದು ಪರದೆ ಬಿದ್ದ ಮೇಲೆ ಹಿಂದುಗಡೆ ಅರಮನೆ ಬಿಚ್ಚಿ ಕಾಡು ಕಟ್ಟಬೇಕು. ಅಷ್ಟು ಹೊತ್ತು ಜನ ಎದ್ದು ಬೀಡಿ ಸೇದಲು ಹೋಗದ ಹಾಗೆ ಒಬ್ಬ ಪರದೆಯ ಮುಂದೆ ನಿಂತು ನಗಿಸಬೇಕು. ಆ ಒಬ್ಬ ನಾನು. ಎಂಟು ನಿಮಿಷ ಸಾಕು. ಕಾಡಿನಲ್ಲಿ ಮರ ಜಾಸ್ತಿ ಇದ್ದರೆ ಹತ್ತು. ಹಿಂದೆ ಎಲ್ಲ ಸಿದ್ಧವಾದ ಕೂಡಲೇ ರಂಗದ ಕೆಲಸದ ಮರಿಯಪ್ಪ ಗಂಟೆ ಬಾರಿಸುತ್ತಿದ್ದ. ನಾನು ಮಾತು ಎಲ್ಲಿದ್ದರೆ ಅಲ್ಲಿ ಬಿಟ್ಟು ಕೈಮುಗಿದು ಒಳಗೆ ಹೋಗುತ್ತಿದ್ದೆ. ಒಂಬತ್ತು ವರ್ಷ ಇದೇ ಮಾಡಿದ್ದೆ.

ಈಗ ಕಂಪನಿ ಸೋಮವಾರ ಗಂಟುಮೂಟೆ ಕಟ್ಟಿ ಎರಡು ವರ್ಷಕ್ಕೆ ಉತ್ತರದ ಕಡೆ ಹೊರಟಿತ್ತು. "ಶನಿವಾರ ಬೆಳಿಗ್ಗೆ ಹೇಳು, ಬರ್ತೀಯೋ ಇಲ್ವೋ," ಎಂದು ಯಜಮಾನರು ಕೇಳಿದ್ದರು. ಸರೋಜಳಿಗೆ ಜಯನಗರದ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು, ಅವಳು ಬರುವ ಹಾಗಿರಲಿಲ್ಲ. ಮದುವೆಯಾಗಿ ಆರು ವರ್ಷವಾಗಿದ್ದರೂ ಒಂದೇ ಸೂರಿನಡಿ ಎರಡು ವರ್ಷ ಕಳೆದಿದ್ದರೆ ಹೆಚ್ಚು. ನನಗೆ ಊರೂರು ಅಲೆದು ಸಾಕಾಗಿತ್ತು. ಆದರೆ ಬೇರೆ ಕೆಲಸ ಗೊತ್ತಿರಲಿಲ್ಲ. ಅಷ್ಟರಲ್ಲಿ ಜರಗನಹಳ್ಳಿಯ ಜಮೀನ್ದಾರ ಮುನಿಯಪ್ಪ ನಾಟಕ ನೋಡಲು ಬಂದವರು, "ನಮ್ಮ ಹೊಸ ಮನೆ ಗೃಹಪ್ರವೇಶದ ದಿನ ನೀವು ಬನ್ನಿ ಸಾರ್, ಒಂದು ಗಂಟೆ ನಗ್ಸಿ," ಎಂದು ಕರೆದಿದ್ದರು. ನಾನು ಮನಸ್ಸಿನಲ್ಲೇ ಪಣ ತೊಟ್ಟಿದ್ದೆ. ಒಂದು ಗಂಟೆ ಒಬ್ಬನೇ ನಿಂತು ನಗಿಸಲು ಬಂದರೆ ಬೆಂಗಳೂರಿನಲ್ಲೇ ಉಳಿದು ಇದನ್ನೇ ಕಸುಬು ಮಾಡಿಕೊಳ್ಳುವುದು, ಬಾರದಿದ್ದರೆ ಟ್ರಂಕು ಎತ್ತುವುದು.

ಬೀದಿ ತಿರುವಿನಲ್ಲಿ ಸರೋಜ ನಿಂತಳು. "ಆ ಕೊಡೆ ಯಜಮಾನನ ಕತೆ ಹೇಳ್ತೀರಾ?"

"ಕೊನೇಗೆ ಹೇಳ್ತೀನಿ."

"ಹಾಗಾದ್ರೆ ಇವತ್ತಾದ್ರೂ ಹಸು ಮನೆ ಒಳಗೆ ಹೋಗುತ್ತೇನೋ ನೋಡೋಣ. ಆರು ವರ್ಷದಿಂದ ಬಾಗ್ಲಲ್ಲೇ ನಿಂತಿದೆ, ಪಾಪ." ಅವಳು ಸೆರಗು ಸರಿಮಾಡಿಕೊಂಡು ಶಾಲೆಯ ಕಡೆ ಹೋದಳು.

ಅವಳು ತಮಾಷೆಗೆ ಅಂದಿದ್ದಳು, ನನಗೆ ಚುಚ್ಚಿತು. ಆ ಕತೆಯ ಕೊನೆ ನನಗೆ ಗೊತ್ತಿರಲಿಲ್ಲ. ಯಾವಾಗಲೂ ಹಸು ಬಾಗಿಲಿಗೆ ಬರುವ ಹೊತ್ತಿಗೆ ಮರಿಯಪ್ಪನ ಗಂಟೆ ಆಗುತ್ತಿತ್ತು. ನನ್ನ ಯಾವ ಕತೆಗೂ ಕೊನೆ ಇರಲಿಲ್ಲ. ಗಂಟೆಯೇ ಕೊನೆ.

ಖಾಲಿ ಸೈಟುಗಳ ನಡುವೆ ನಡೆದು ಯಡಿಯೂರಿನ ಹತ್ತಿರ ಕನಕಪುರ ರಸ್ತೆ ಸೇರಿದೆ. ಚಳಿಗಾಲದ ಬಿಸಿಲು ಹಿತವಾಗಿತ್ತು. ಕನಕಪುರದ ಬಸ್ಸು ಅರ್ಧ ಗಂಟೆ ಕಾಯಿಸಿ ಬಂತು. ಜರಗನಹಳ್ಳಿಗೆ ಹದಿನೈದು ಹೊಸ ಪೈಸೆ. ಸೀಟಿದ್ದರೂ ಕೂರದೆ ನಿಂತೆ. ಕಂಡಕ್ಟರ್ ಎರಡು ಸಲ ಹಗ್ಗ ಎಳೆದು ಗಂಟೆ ಬಾರಿಸಿದಾಗ ಕೈಗಳು ತಾವಾಗಿಯೇ ಮುಗಿದುಕೊಂಡವು. ಪಕ್ಕದವನು ಯಾವ ದೇವಸ್ಥಾನ ಬಂತೆಂದು ಕಿಟಕಿಯಿಂದ ಹೊರಗೆ ನೋಡಿದ.

ದೇವಸ್ಥಾನ ನಿಜವಾಗಿ ಬಂದದ್ದು ಒಂದೂವರೆ ಮೈಲಿಯ ಮೇಲೆ. ಬನಶಂಕರಿ ಗುಡಿಯ ಮುಂದೆ ಶುಕ್ರವಾರದ ರಾಹುಕಾಲದ ಜನ. ಹೆಂಗಸರು ನಿಂಬೆಹಣ್ಣು ಹೋಳು ಮಾಡಿ, ಹಿಂಡಿ, ಸಿಪ್ಪೆಯ ಬಟ್ಟಲಿಗೆ ಎಣ್ಣೆ ಬತ್ತಿ ಹಾಕಿ ದೀಪ ಹಚ್ಚುತ್ತಿದ್ದರು. ಬಸ್ಸು ಅಲ್ಲೇ ನಿಂತುಬಿಟ್ಟಿತು. ಐದು ನಿಮಿಷ ಸಹಿಸಿದೆ. ಆಮೇಲೆ ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಇಳಿದು, ಜರಗನಹಳ್ಳಿಯವರೆಗಿನ ಟಿಕೆಟ್ಟು ಕೈಯಲ್ಲೇ ಇಟ್ಟುಕೊಂಡು ನಡೆಯಲು ಹೊರಟೆ. ಹೂವಿನ ಹೆಂಗಸೊಬ್ಬಳು ತಡೆದಳು.

"ಹೂ ತಗೊಳ್ಳಿ ಅಣ್ಣ. ಏನ್ ಕೆಲ್ಸ ಮಾಡ್ತೀರ?"

"ಜನಾನ ನಗಿಸ್ತೀನಿ."

ಅವಳು ನನ್ನ ಮುಖವನ್ನು ಚೆನ್ನಾಗಿ ನೋಡಿದಳು. "ಯಾರ್ದೋ ಮಣ್ಣು ಮುಗಿಸ್ಕೊಂಡು ಬಂದಂಗಿದೀರಲ್ಲ!" ಎಂದಳು. ಒಂದು ಮೊಳ ಸೇವಂತಿಗೆ ಕೊಂಡೆ. ಅದನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ತುರುಕಿದೆ.

ಸಾರಕ್ಕಿ ಕೆರೆ ದಾಟುವಾಗ ನಾನು ಬಿಟ್ಟು ಬಂದ ಬಸ್ಸೇ ಧೂಳು ಎಬ್ಬಿಸಿಕೊಂಡು ನನ್ನನ್ನು ದಾಟಿ ಹೋಯಿತು. ಕಂಡಕ್ಟರ್ ಕೈಬೀಸಿದ. ಎರಡು ಕಡೆ ರಾಗಿ ಕೊಯ್ದ ಹೊಲ, ಅಲ್ಲಲ್ಲಿ ಮೆದೆ, ನಡುನಡುವೆ ಅವರೆ. ನಾನು ಅವರೆ ಗಿಡಗಳಿಗೆ ನನ್ನ ಕತೆಗಳನ್ನು ಹೇಳಿಕೊಂಡು ನಡೆದೆ. ಕೈಗಡಿಯಾರ ನೋಡಿದರೆ ಹತ್ತು ಕತೆ ಸೇರಿ ನಲವತ್ತು ನಿಮಿಷ. ಹನ್ನೊಂದನೆಯದು ಕೊಡೆ ಯಜಮಾನನದು. ಅದನ್ನು ಎಳೆದರೆ ಒಂದು ಗಂಟೆ ತುಂಬುತ್ತದೆ ಎಂದು ಲೆಕ್ಕ ಹಾಕಿದೆ.

ಜರಗನಹಳ್ಳಿ ಮುಟ್ಟಿದಾಗ ಹನ್ನೆರಡೂವರೆ. ಮುನಿಯಪ್ಪನವರು ಮಾವಿನ ತೋರಣದ ಕೆಳಗೇ ಸಿಕ್ಕರು. ನನ್ನ ಬೆನ್ನ ಹಿಂದೆ ರಸ್ತೆಯ ಕಡೆ ನೋಡಿದರು.

"ಬನ್ನಿ ಸಾರ್. ಮಿಕ್ಕೋರು?"

"ಯಾರೂ ಇಲ್ಲ. ನಾನೊಬ್ನೇ."

"ಅಂದ್ರೆ ನೀವ್ ಮುಂದೆ ಮಾತಾಡ್ತೀರ, ಹಿಂದೆ ನಾಟಕ...?"

"ಹಿಂದೆ ಏನೂ ಇಲ್ಲ."

ಅವರು ತಲೆ ಕೆರೆದುಕೊಂಡರು. "ಇರ್ಲಿ ಬಿಡಿ. ಮೊದ್ಲು ಊಟ ಮಾಡಿ," ಎಂದರು. ಹಬ್ಬದಡುಗೆ ಇನ್ನೂ ಒಲೆಯ ಮೇಲಿತ್ತು. ಕಾಯಲಾರದೆ ಕೆಲಸದವರ ಪಂಕ್ತಿಯಲ್ಲೇ ಕೂತು ರಾಗಿಮುದ್ದೆ, ಅವರೆಕಾಳಿನ ಸಾರು ಉಂಡೆ. ಮಾತಾಡಬೇಕಾದ ದಿನ ಎರಡನೆಯ ಮುದ್ದೆ ಹಾಕಿಸಿಕೊಳ್ಳಬಾರದಿತ್ತು. ಆಮೇಲೆ ಹೊಸ ಮನೆಯ ಸುತ್ತ ನಾಲ್ಕು ಸಲ ಸುತ್ತಿದೆ. ಮುನಿಯಪ್ಪನವರ ತಾಯಿ ಪುಟ್ಟಮ್ಮಜ್ಜಿ ಜಗಲಿಯಿಂದಲೇ, "ಏನಪ್ಪಾ, ನೀನೂ ಮನೆ ಕಟ್ಟಿಸ್ಬೇಕು ಅಂತಿದೀಯಾ?" ಎಂದು ಕೇಳಿದರು. ಎಂಬತ್ತರ ಹತ್ತಿರದ ಮುದುಕಿ. ಕಣ್ಣು ಮಾತ್ರ ಸೂಜಿ.

ಇಲ್ಲಿ ನಾನೊಂದು ದಡ್ಡತನ ಮಾಡಿದೆ. ಬೆನ್ನ ಹಿಂದೆ ಪರದೆ ಇಲ್ಲದೆ ನಿಂತು ನನಗೆ ಅಭ್ಯಾಸವಿಲ್ಲ. ಹಿತ್ತಲಿನ ಎರಡು ಕಂಬಗಳ ನಡುವೆ ಒಂದು ಜಮಖಾನ ಕಟ್ಟಿಸಿಕೊಡಿ ಎಂದು ಕೇಳಿದೆ. ಅವರು ಕಟ್ಟಿಸಿದರು. ಐದು ಗಂಟೆಗೆ ನೂರೈವತ್ತು ಜನ ಸೇರಿದ್ದರು. ಅಂಜನಾಪುರದಿಂದ ನಡೆದು ಬಂದವರೂ ಇದ್ದರು. ಜಮಖಾನ ಕಂಡವರೆಲ್ಲ ಹಿಂದೆ ಏನೋ ಇದೆ ಎಂದುಕೊಂಡರು. ನಾನು ಶುರು ಮಾಡುವ ಮೊದಲೇ ಪುಟ್ಟಮ್ಮಜ್ಜಿ ಎದ್ದು, ಜಮಖಾನದ ಹಿಂದೆ ಹೋಗಿ ನೋಡಿಕೊಂಡು ಬಂದು ಗಟ್ಟಿಯಾಗಿ ಹೇಳಿದರು: "ಯಾರೂ ಇಲ್ಲ ಕಣ್ರೋ. ನಮ್ ಹಸು ಐತೆ."

ಮೊದಲ ನಗು ಅಜ್ಜಿಯ ಮಾತಿಗೆ ಬಂತು. ಆದರೆ ಆಮೇಲಿನದು ನನ್ನ ಮಾತಿಗೇ ಬಂತು. ನಿಜ ಹೇಳುತ್ತೇನೆ, ನಾನು ಚೆನ್ನಾಗಿ ಮಾತಾಡಿದೆ. ಎಂಟು ನಿಮಿಷ ಆಯಿತು, ಹತ್ತಾಯಿತು, ಇಪ್ಪತ್ತಾಯಿತು. ಗಂಡಸರು ಹೆಗಲ ವಸ್ತ್ರದಲ್ಲಿ ಕಣ್ಣೊರೆಸಿಕೊಂಡರು. ನನ್ನ ಎದೆ ಉಬ್ಬಿತು. ಶನಿವಾರ ಕಂಪನಿ ಯಜಮಾನರಿಗೆ ಏನು ಹೇಳಬೇಕೆಂದು ಮನಸ್ಸಿನ ಒಂದು ಮೂಲೆಯಲ್ಲಿ ವಾಕ್ಯ ಜೋಡಿಸಲೂ ಶುರು ಮಾಡಿದೆ.

ಕೊನೆಗೆ ಕೊಡೆ ಯಜಮಾನನ ಕತೆ ಎತ್ತಿಕೊಂಡೆ. ಗುಮಾಸ್ತ ರಾಮಣ್ಣ ಜಯನಗರದಲ್ಲಿ ಸೈಟು ಕೊಂಡು ಮನೆ ಕಟ್ಟಿಸುತ್ತಾನೆ. ಕೊಡೆ ಹಿಡಿದ ಒಬ್ಬ ಹಿರಿಯರು ದಿನಾ ಬಂದು ನಿಂತು ನೋಡುತ್ತಾರೆ. "ಅಡುಗೆಮನೆ ಕಿಟಕಿ ಆ ಕಡೆ ಇಡ್ಸಿ, ಬಾವಿ ಈ ಕಡೆ ಇರ್ಲಿ," ಎನ್ನುತ್ತಾರೆ. ದೊಡ್ಡವರ ಮಾತು ಎಂದು ರಾಮಣ್ಣ ಹಾಗೇ ಮಾಡಿಸಿ, ಕಾಫಿಯನ್ನೂ ಕೊಡುತ್ತಾನೆ. ಗೃಹಪ್ರವೇಶದ ಬೆಳಿಗ್ಗೆ ಅದೇ ಹಿರಿಯರು ಹೆಂಡತಿ, ಮಕ್ಕಳು, ಪುರೋಹಿತರು, ಹಸುವಿನ ಸಮೇತ ಬಾಗಿಲಿಗೆ ಬರುತ್ತಾರೆ. ಸೈಟು ಅವರದು! ರಾಮಣ್ಣ ಗಡಿಕಲ್ಲು ತಪ್ಪಿ ಪಕ್ಕದ ಸೈಟಿನಲ್ಲಿ ಕಟ್ಟಿಸಿದ್ದ.

"ಕೊಡೆ ಯಜಮಾನರು ಹಸೂನ ಮುಂದೆ ತಳ್ಳಿದ್ರು. ರಾಮಣ್ಣನ ಹೆಂಡ್ತಿ ಬಾಗ್ಲಿಗೆ ಅಡ್ಡ ಕೈ ಇಟ್ಟು ನಿಂತ್ಲು. ಆಗ ಹಸು..." ಎಂದೆ.

ಊರಿನ ಈಶ್ವರನ ಗುಡಿಯಲ್ಲಿ ಸಂಜೆಯ ಮಂಗಳಾರತಿಯ ಗಂಟೆ ಹೊಡೆಯಿತು.

ನನ್ನ ಬಾಯಿ ಮುಚ್ಚಿತು. ಕೈ ಮುಗಿಯಿತು. ಕಾಲು ತಿರುಗಿ ನಡೆಯಿತು. ಇವು ಯಾವುದಕ್ಕೂ ನನ್ನ ಅಪ್ಪಣೆ ಬೇಕಾಗಲಿಲ್ಲ. ಜಮಖಾನದ ಹಿಂದೆ ಹೋಗಿ ನಿಂತು, ಎದುರಿಗೆ ಹುಲ್ಲು ಮೆಲ್ಲುತ್ತಿದ್ದ ಹಸುವನ್ನು ಕಂಡಾಗಲೇ ಏನು ಮಾಡಿಬಿಟ್ಟೆ ಎಂದು ಅರಿವಾದದ್ದು.

ಆ ಕಡೆ ಜನ ಗದ್ದಲ ಮಾಡಲಿಲ್ಲ. ಶಿಸ್ತಾಗಿ ಕೂತು ಕಾದರು. "ಸುಮ್ಕಿರ್ರೋ, ಈಗ ನಾಟಕ ಶುರು," ಎಂದು ಯಾರೋ ಹೇಳಿದ್ದು ಕೇಳಿಸಿತು. ಹೊರಗೆ ಹೋಗಲು ಧೈರ್ಯ ಸಾಲಲಿಲ್ಲ. ಹೋದರೂ ಏನು ಹೇಳಲಿ, ಕೊನೆ ಗೊತ್ತಿದ್ದರಲ್ಲವೇ? ಸ್ವಲ್ಪ ಹೊತ್ತು ಕಾದು ಮುನಿಯಪ್ಪನವರೇ ಬಂದು ಜಮಖಾನ ಸರಿಸಿದರು. ಹಸುವಿನ ಪಕ್ಕದಲ್ಲಿ ಕೈಮುಗಿದುಕೊಂಡೇ ನಿಂತಿದ್ದ ನನ್ನನ್ನು ನೂರೈವತ್ತು ಜನ ನೋಡಿದರು. ಒಂಬತ್ತು ವರ್ಷದಲ್ಲಿ ಅಷ್ಟು ದೊಡ್ಡ ನಗು ನಾನು ಕೇಳಿರಲಿಲ್ಲ. ಅದು ನಾನು ನಗಿಸಿದ್ದಲ್ಲ, ನನ್ನನ್ನು ನೋಡಿ ನಕ್ಕದ್ದು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮುನಿಯಪ್ಪನವರು ಒಳ್ಳೆಯವರು. "ಸಖತ್ತಾಗಿತ್ತು ಸಾರ್," ಎನ್ನುತ್ತ ಒಂದು ಚೀಲ ಅವರೆಕಾಯಿ ಕೈಗೆ ಕೊಟ್ಟರು. ಅವರ ಮುಖ ನೋಡದೆ ಚೀಲ ಹೊತ್ತು ರಸ್ತೆಗೆ ಓಡಿದೆ. ಟ್ರಂಕಿನ ಬೀಗದ ಕೈ ಎಲ್ಲಿಟ್ಟಿದ್ದೇನೆ ಎಂದು ನೆನಪು ಮಾಡಿಕೊಳ್ಳುತ್ತ ಬಸ್ಸಿಗೆ ಕಾದೆ. ನಿಂತಲ್ಲಿ ನಿಲ್ಲಲಾರದೆ ಹುಣಸೆಮರದಿಂದ ಮೈಲಿಗಲ್ಲಿಗೆ, ಮೈಲಿಗಲ್ಲಿನಿಂದ ಮರಕ್ಕೆ ಓಡಾಡಿದೆ.

ಅಷ್ಟರಲ್ಲಿ ಪಟ್ಟಣಕ್ಕೆ ಹಿಂದಿರುಗುವ ನೆಂಟರು ಹತ್ತು ಹನ್ನೆರಡು ಜನ ಬಂದರು. ಬಸವನಗುಡಿಯ ಮಗಳ ಮನೆಗೆ ಹೊರಟಿದ್ದ ಪುಟ್ಟಮ್ಮಜ್ಜಿಯೂ ಅವರಲ್ಲಿದ್ದರು. ನಾನು ಮರದ ಹಿಂದೆ ಸರಿದೆ. ಅಜ್ಜಿ ನೇರವಾಗಿ ಅಲ್ಲಿಗೇ ಬಂದರು.

"ಆಮೇಲೆ?" ಎಂದರು.

"ಏನು ಆಮೇಲೆ?"

"ಹಸು ಬಾಗ್ಲಿಗೆ ಬಂತಲ್ಲಪ್ಪ. ಆಮೇಲೆ ಏನಾಯ್ತು?"

"ಅಷ್ಟೇ ಅಜ್ಜಿ. ನನಗೆ ಅಷ್ಟೇ ಬರೋದು."

"ಅದೆಂಗೆ ಅಷ್ಟೇ ಆಗುತ್ತೆ? ಸರಿ, ಹಸು ಯಾರ್ದು? ಅದನ್ನ ಹೇಳು."

ಇಷ್ಟು ವರ್ಷ ಆ ಕತೆ ಹೇಳಿದ್ದೆ, ಹಸು ಯಾರದೆಂದು ಯೋಚಿಸಿರಲಿಲ್ಲ. "ಕೊಡೆ ಯಜಮಾನನದು," ಎಂದೆ.

"ಕೊಡೆ ಹಿಡ್ಕೊಂಡು ಓಡಾಡೋನು ಹಸು ಸಾಕ್ತಾನಾ! ಪಟ್ಟಣದೋರು ಗೃಹಪ್ರವೇಶಕ್ಕೆ ಹಳ್ಳಿಯಿಂದ ತಾನೇ ಹಿಡ್ಕೊಂಡು ಬರೋದು? ನಮ್ ಹಸೂನೂ ಜಯನಗರಕ್ಕೆ ಎರಡು ಸಲ ಕರ್ಕೊಂಡೋಗಿದ್ರು. ಅಲ್ಲಿದ್ದ ನಮ್ ದೊಡ್ಡ ಹೊಲ ಸೈಟ್ ಆಗೋಕೆ ಮುಂಚೆ ಅದು ಮೇಯ್ತಿದ್ದಿದ್ದು ಅಲ್ಲೇ."

ಬಾಗಿಲಲ್ಲಿ ನಿಂತಿದ್ದ ಹಸು ನನ್ನೊಳಗೆ ಕದಲಿತು. ಬಸ್ಸು ಬಂತು. ಎಲ್ಲರೂ ಹತ್ತಿದೆವು. ರೇಷ್ಮೆಗೂಡಿನ ಬುಟ್ಟಿಗಳ ವಾಸನೆ ಮೂಗಿಗೆ ಬಡಿಯಿತು. ಬೆಳಗಿನ ಕಂಡಕ್ಟರೇ ಇದ್ದ. ಅಜ್ಜಿಯ ಸೀಟಿನ ಪಕ್ಕ ಕಂಬಿ ಹಿಡಿದು ನಿಂತು ಹೇಳತೊಡಗಿದೆ.

"ಅದು ಬಾಡಿಗೆ ಹಸು ಅಜ್ಜಿ. ರಾಮಣ್ಣನ ಹೆಂಡ್ತಿ ಅಡ್ಡ ಇಟ್ಟಿದ್ದ ಕೈನ ಮೂತೀಲೇ ಸರಿಸ್ತು..."

ಕಂಡಕ್ಟರ್ ಹಗ್ಗ ಎಳೆದ. ಗಂಟೆ. ನನ್ನ ಮಾತು ತುಂಡಾಯಿತು.

"ಯಾಕೆ ನಿಲ್ಸ್ದೆ?" ಎಂದು ಅಜ್ಜಿ ಗದರಿದರು. "ಗಂಟೆ ಹೊಡೆದ್ರೆ ಹೊರಡ್ಬೇಕಾದ್ದು ಬಸ್ಸು. ನೀನಲ್ಲ."

ಬಸ್ಸು ನಕ್ಕಿತು. ನಾನೂ ನಕ್ಕೆ. ಎರಡೂ ಕೈಯಿಂದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹಸು ಒಳಗೆ ಹೋಯಿತು ಎಂದೆ. ನಡುಮನೆ ದಾಟಿ ಅಡುಗೆಮನೆಗೆ ಹೋಗಿ, ಕೊಡೆ ಯಜಮಾನರು ಹೇಳಿ ಇಡಿಸಿದ ಕಿಟಕಿಯ ಕೆಳಗೆ ಕಾಲು ಮಡಿಸಿ ಮಲಗಿತು ಎಂದೆ. ಸಾರಕ್ಕಿಯಲ್ಲಿ ಗಂಟೆ ಆಯಿತು. ಕೈ ಕಂಬಿ ಬಿಡಲಿಲ್ಲ, ಮಾತು ನಿಲ್ಲಲಿಲ್ಲ. ಪುರೋಹಿತರು ಎಬ್ಬಿಸಿದರೂ ಹಸು ಏಳಲಿಲ್ಲ. ರಾಮಣ್ಣ ಬಾಲ ತಿರುಚಿದ, ಯಜಮಾನರು ಕೊಡೆಯಿಂದ ತಿವಿದರು, ಏಳಲಿಲ್ಲ. ಬನಶಂಕರಿಯಲ್ಲಿ ಮತ್ತೆ ಗಂಟೆ. ಹಸುವಿನ ಒಡತಿ ಹಳ್ಳಿಯಿಂದ ಬಂದಳು. "ನಾಕು ವರ್ಷದ ಹಿಂದೆ ಅದು ಮೇಯ್ತಿದ್ದ ಹೊಲ ಇದು, ಅದ್ರ ಮನೆ ಕಣ್ರಪ್ಪ. ಬಾಡಿಗೆ ಎಷ್ಟು ಕೊಡ್ತೀರ ಅಂತ ಅದನ್ನೇ ಕೇಳಿ," ಎಂದಳು. ರಾಮಣ್ಣನೂ ಕೊಡೆ ಯಜಮಾನರೂ ಹೊಸಿಲಿನ ಆಚೆ ಅಕ್ಕಪಕ್ಕ ಕೂತು, ಹಸು ಏಳುವುದನ್ನು ಕಾಯುತ್ತ ಒಂದೇ ಲೋಟದ ಕಾಫಿ ಹಂಚಿಕೊಂಡು ಕುಡಿದರು.

ಪುಟ್ಟಮ್ಮಜ್ಜಿ ನಗುತ್ತ ನಗುತ್ತ ಸೆರಗಿನಿಂದ ಕಣ್ಣೊತ್ತಿಕೊಂಡರು. "ಏಳ್ಬಾರ್ದು ಅದು," ಎಂದರು. "ಅಲ್ಲೇ ಇರ್ಲಿ."

"ಸಾರ್, ಯಡಿಯೂರು, ನಿಮ್ಮ ಸ್ಟಾಪು," ಎಂದ ಕಂಡಕ್ಟರ್, ಹಗ್ಗದ ಮೇಲೆ ಕೈಯಿಟ್ಟು. "ಇಳೀತೀರಾ? ಇನ್ನೊಂದು ಕತೆ ಐತಾ?"

"ಹೊಡಿ ಗಂಟೆ," ಎಂದೆ.

ಬಸವನಗುಡಿಯವರೆಗೆ ಇನ್ನೂ ಎರಡು ಕತೆ ಹೇಳಿದೆ. ಎರಡಕ್ಕೂ ಕೊನೆ ದಾರಿಯಲ್ಲೇ ಹುಟ್ಟಿತು. ಇಳಿಯುವಾಗ ಜೇಬಿನ ಸೇವಂತಿಗೆ ನೆನಪಾಗಿ ಅಜ್ಜಿಗೆ ಕೊಟ್ಟೆ. ಬಾಡಿ ಹಪ್ಪಳವಾಗಿತ್ತು, ಆದರೂ ಮುಡಿದರು. ಅಲ್ಲಿಂದ ಚೀಲ ಹೊತ್ತು ಜಯನಗರಕ್ಕೆ ವಾಪಸು ನಡೆದೆ. ಆ ದಿನ ಮೊದಲ ಬಾರಿಗೆ ನಿಧಾನವಾಗಿ ನಡೆದೆ.

ಸರೋಜ ಬಾಗಿಲಲ್ಲೇ ನಿಂತಿದ್ದಳು. ಅವಳ ಹಿಂದೆ ಟ್ರಂಕು ಇನ್ನೂ ಬಾಯಿ ತೆರೆದುಕೊಂಡೇ ಇತ್ತು. ಹೇಗಾಯಿತು ಎಂಬಂತೆ ನನ್ನ ಮುಖ ನೋಡಿದಳು.

"ಹಸು ಒಳಗೆ ಹೋಯ್ತು," ಎಂದೆ.

ಅವಳು ಅವರೆಕಾಯಿ ಚೀಲ ನನ್ನ ಕೈಯಿಂದ ತೆಗೆದುಕೊಂಡು, ಟ್ರಂಕಿನಲ್ಲಿದ್ದ ನನ್ನ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದಳು.