ಹೆಲೆ ಎಂದವಳ ಅಕ್ಕ

ನಮ್ಮ ಓನರಮ್ಮನ ಬಲಗಿವಿಯಲ್ಲಿ ಕೆಂಪು ಕಲ್ಲಿನ ಓಲೆ, ಎಡಗಿವಿಯಲ್ಲಿ ಬರೀ ತೂತು. ಓಲೆ ಎಲ್ಲೋ ಕಳೆದುಹೋಗಿರಬೇಕೆಂದು ಬಾಡಿಗೆಗೆ ಬಂದ ಹೊಸದರಲ್ಲಿ ನಾನು ಮರುಗಿದ್ದೆ. ಟೇಪ್ ರೆಕಾರ್ಡರಿಗೆ ಕಿವಿಯಾನಿಸಿ ಕೂರುವಾಗ ಚುಚ್ಚುತ್ತದೆಂದು ಅವರೇ ಎಂದೋ ಬಿಚ್ಚಿಟ್ಟದ್ದಂತೆ. ರೆಕಾರ್ಡರ್ ಕೆಟ್ಟು ಮೂಲೆ ಸೇರಿದ ಮೇಲೂ ಮತ್ತೆ ಹಾಕಿಕೊಂಡಿರಲಿಲ್ಲ.

ತಮಿಳುನಾಡಿನ ಗಡಿಯ ಹೊಸೂರಿನ ಆಲಸನತ್ತಂನಲ್ಲಿ ಅವರ ಮನೆ. ಕೆಳಗೆ ಅವರೊಬ್ಬರೇ, ಮೇಲೆ ನಾನೊಬ್ಬಳೇ. ಹಾಸನದಿಂದ ಬಂದು ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ದುಡಿಯುವ ನನಗೆ ದಿನವಿಡೀ ಇಂಗ್ಲಿಷು, ಅರೆಬರೆ ತಮಿಳು. ಸಂಜೆ ಗೇಟು ತೆಗೆದರೆ ಒಳಗಿನಿಂದಲೇ, "ಬಂದ್ಯೇನಮ್ಮ? ತಣ್ಣಿ ಬಂದೈತೆ, ಇಡ್ಕೊ" ಎಂಬ ಕೂಗು. ನೀರಿಗೆ ತಮಿಳು, ಬೈಗುಳಕ್ಕೆ ತೆಲುಗು, ದುಃಖಕ್ಕೆ ಕನ್ನಡ. ಆ ಕನ್ನಡದಲ್ಲಿ 'ಹ' ಎಂಬ ಅಕ್ಷರವೇ ಇರಲಿಲ್ಲ. ಹಾಲು ಆಲು, ಹೂವು ಊವು. ನಾನು ಛೇಡಿಸಿದರೆ, "ಉಸ್ರು ಸುಮ್ಕೆ ಯಾಕಮ್ಮ ದಂಡ ಮಾಡ್ಬೇಕು?" ಎನ್ನುವರು. ರಜೆಯ ದಿನ ನಾನು ಬಾಯಿ ಬಿಟ್ಟು ಆಡುತ್ತಿದ್ದ ಮಾತೆಲ್ಲ ಅವರೊಂದಿಗೇ.

ಅವರೂ ಅವರ ತಂಗಿಯೂ ಅಲ್ಲೇ ಹತ್ತಿರದ ತಳಿ ಎಂಬ ಊರಿನ ಕಡೆಯವರು. ಇಬ್ಬರೂ ಮದುವೆಯಾಗದೆ, ಹೂವಿನ ವ್ಯಾಪಾರ ಮಾಡಿಕೊಂಡು, ಈ ಮನೆ ಕಟ್ಟಿ ಜೊತೆಗೇ ಬಾಳಿದವರು. ವಯಸ್ಸಿನಲ್ಲಿದ್ದಾಗ ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿಯವರು ಸೋಬಾನೆ ಹಾಡುವ ಹೆಂಗಸರನ್ನು ಹುಡುಕಿಕೊಂಡು ಬಂದು, ಇವರನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಹೋದರಂತೆ. ಒಂದು ಹಾಡಿನಲ್ಲಿ "ಹೂವು ತಂದೇವು, ಎಲೆ ತಂದೇವು" ಎಂಬ ಸಾಲು ಎರಡು ಕಡೆ ಬರುತ್ತದೆ. ಹಾಡಿಸುವ ಮೇಷ್ಟ್ರು 'ಹ' ಹೇಳಿಕೊಟ್ಟು ಹೇಳಿಕೊಟ್ಟು ಸುಸ್ತಾದರು. ಓನರಮ್ಮ ಆ ಹಾಡಿನ ಮಟ್ಟಿಗೆ ಹೇಗೋ ಕಲಿತರು. ತಂಗಿ ಮಾತ್ರ ಹೆದರಿಕೆಗೆ ಬೇಕಾದ ಕಡೆ ಬಿಟ್ಟು, ಬೇಡದ ಕಡೆ ಹಾಕಿದಳು: "ಊವು ತಂದೇವು, ಹೆಲೆ ತಂದೇವು." ಕ್ಯಾಸೆಟ್ಟಿನಲ್ಲಿ ಅದು ಹಾಗೆಯೇ ಉಳಿಯಿತು. ಅಕ್ಕ ವರ್ಷಗಟ್ಟಲೆ ಆಡಿಕೊಂಡು ನಕ್ಕಿದ್ದರು.

ತಂಗಿ ತೀರಿಕೊಂಡ ಮೇಲೆ ನಗು ನಿಂತಿತು. ಅಷ್ಟು ಹೆಂಗಸರ ನಡುವೆ ತಂಗಿಯ ದನಿ ಬಿಡಿಯಾಗಿ ಸಿಗುವುದು ಆ 'ಹೆಲೆ'ಯಲ್ಲಿ ಮಾತ್ರ. ಅದನ್ನೇ ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳುತ್ತಿದ್ದರು. ಒಂದು ದಿನ ರೀಲು ಸುತ್ತಿಕೊಂಡು ಹರಿದುಹೋಯಿತು. ತಳಿ, ಗುಮ್ಮಳಾಪುರದ ನೆಂಟರ ಮನೆಗಳಲ್ಲೆಲ್ಲ ಹುಡುಕಿಸಿದರೂ ಇನ್ನೊಂದು ಕ್ಯಾಸೆಟ್ ಸಿಗಲಿಲ್ಲ.

ಈಗ ಹಳೆಯ ಸಿನಿಮಾಗಳೆಲ್ಲ ಮತ್ತೆ ಥಿಯೇಟರಿಗೆ ಬರುತ್ತಿವೆಯಲ್ಲ, ಹಾಗೆಯೇ ಈ ಸೋಬಾನೆ ಹಾಡುಗಳೂ ಮತ್ತೆ ಬಿಡುಗಡೆಯಾಗುತ್ತಿವೆ ಎಂಬ ಸುದ್ದಿ ನನ್ನ ಫೋನಿಗೆ ಬಂತು. ದಡದಡ ಮೆಟ್ಟಿಲಿಳಿದು ಹೇಳಿದೆ.

"ಒಂದ್ಸಲ ಬಿಟ್ಟಿದ್ನ ಇನ್ನೊಂದ್ಸಲ ಯಾಕಮ್ಮ ಬಿಡ್ತಾರೆ?"

ಗೊತ್ತಿದ್ದಷ್ಟು ಹೇಳಿದೆ. ಹೊಸದು ಮಾಡಿಸುವುದಕ್ಕಿಂತ ಹಳೆಯದನ್ನು ತೊಳೆದು ಕೊಡುವುದು ಸುಲಭ. ಆಗ ಕೇಳಿದವರಿಗೆ ಹಳೆಯ ದಿನ ನೆನಪಾಗುತ್ತದೆ, ಈಗಿನ ಮಕ್ಕಳಿಗೆ ಅದೇ ಹೊಸದು.

"ಅಂಗಾದ್ರೆ ತಿಥಿ ಇದ್ದಂಗೆ. ಸತ್ತೋರ್ನ ಒಂದಿನ ಕರ್ದು, ಎಡೆ ಇಕ್ಕಿ ಕಳ್ಸೋದು" ಎಂದರು. ಮುಖ ಮಾತ್ರ ಅರಳಿತ್ತು.

ಹಾಡು ಬಂದ ಭಾನುವಾರ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು, ಒಳ್ಳೆಯ ಸೀರೆಯುಟ್ಟು ಜಗಲಿಯಲ್ಲಿ ಕೂತಿದ್ದರು. ಫೋನನ್ನು ಅವರ ಎಡಗಿವಿಗೆ ಹಿಡಿದೆ. ಕಣ್ಣು ಮುಚ್ಚಿಕೊಂಡು ತಾಳ ಹಾಕುತ್ತಿದ್ದವರ ಕೈ ಆ ಸಾಲು ಬಂದಾಗ ನಿಂತಿತು.

"ಇನ್ನೊಂದ್ಸಲ ಆಕು."

ಹಾಕಿದೆ. ಮತ್ತೆ ಹಾಕಿದೆ. ನಾನೂ ಕಿವಿಗೊಟ್ಟು ಕೇಳಿದೆ. ದನಿಗಳು ಬೆಳಗಿಟ್ಟ ಪಾತ್ರೆಯ ಹಾಗೆ ಥಳಥಳ. ಎಲ್ಲರೂ ಹೂವು ಎನ್ನುತ್ತಿದ್ದರು, ಎಲ್ಲರೂ ಎಲೆ ಎನ್ನುತ್ತಿದ್ದರು.

"ಇದ್ರಾಗೆ ನನ್ ತಂಗಿ ಇಲ್ವಲ್ಲಮ್ಮ."

ಮೊದಲ ಸಲ ಬರುವ ಸಾಲಿನ ತಪ್ಪು ತೆಗೆದು, ಕೊನೆಯಲ್ಲಿ ಬರುವ ಅದೇ ಸಾಲನ್ನು ಕತ್ತರಿಸಿ ಇಲ್ಲಿಗೂ ಅಂಟಿಸಿರಬೇಕು ಎಂದೆ. ಈಗ ಅದೆಲ್ಲ ಸಲೀಸು ಎಂದೂ ಹೇಳಿದೆ.

"ಕಡೇ ಸಾಲ್ನಾಗೆ ಅವ್ಳು ಆಡ್ಲೇ ಇಲ್ಲ ಕಣಮ್ಮ. ತಿರ್ಗ ತಪ್ಪು ಯೋಳ್ತಾಳೆ, ಮೇಷ್ಟ್ರು ಬೈತಾರೆ ಅಂತ ನಾನೇ ತೊಡೆ ಚಿವುಟ್ದೆ. ಬಾಯಿ ಮುಚ್ಕೊಂಡ್ಬುಟ್ಲು." ಫೋನು ಹಿಡಿದ ನನ್ನ ಕೈ ಸರಿಸಿ ಎದ್ದರು. "ತಿಥೀಲಾದ್ರೂ ಸತ್ತೋರ ಎಸ್ರು ಯೋಳ್ತಾರೆ" ಎಂದು ಒಳಗೆ ಹೋದರು.

ನನಗೆ ಮೈಯೆಲ್ಲ ಉರಿಯಿತು. ಹಳೆಯದನ್ನು ಇದ್ದ ಹಾಗೆಯೇ ಬಿಡಿ, ಅದರಲ್ಲಿ ಒಬ್ಬರಿದ್ದಾರೆ ಎಂದು ಕಂಪನಿಗೆ ಬರೆದೆ. ಅಭಿಪ್ರಾಯಕ್ಕೆ ಧನ್ಯವಾದ ಎಂಬ ಉತ್ತರ ಬಂತು. ಓನರಮ್ಮ ಮತ್ತೆಂದೂ ಆ ಹಾಡು ಕೇಳಲಿಲ್ಲ. ಸಂಜೆ ನೀರು ಬಂದಾಗ ಕೂಗುತ್ತಿದ್ದರು, ಸಾರು ಕೊಡುತ್ತಿದ್ದರು, ನಾನು ಫೋನು ಕೈಗೆತ್ತಿಕೊಂಡರೆ ಮಾತ್ರ ಬೇರೆ ಕಡೆ ನೋಡುತ್ತಿದ್ದರು. ತಂಗಿಯ ದನಿ ಹೇಗಿತ್ತು ಎಂಬುದು ಸ್ವಲ್ಪ ಸ್ವಲ್ಪವೇ ಮರೆಯುತ್ತಿದೆ ಎಂದು ಒಮ್ಮೆ ಅಂದರು.

ಕಳೆದ ಚಳಿಗಾಲದಲ್ಲಿ, ನಾನು ಕೆಲಸಕ್ಕೆ ಹೋಗಿದ್ದಾಗ, ಹೂ ಕಟ್ಟುತ್ತಾ ಕೂತಲ್ಲೇ ಹೋಗಿಬಿಟ್ಟರು.

ಕಾರ್ಯದ ದಿನ ಊಟವಾದ ಮೇಲೆ ತಳಿಯ ನೆಂಟರಲ್ಲೊಬ್ಬರು, ಇದು ಅವರೇ ಹಾಡಿದ್ದು ಎಂದು ಫೋನಿನಲ್ಲಿ ಆ ಹಾಡು ಹಾಕಿದರು. "ಸೌಂಡು ಏನ್ ಕ್ಲಿಯರ್ರಾಗೈತೆ ನೋಡು" ಎಂದು ಎಲ್ಲರೂ ಮೆಚ್ಚಿದರು. ಮೂಲೆಯಲ್ಲಿ ಕೂತಿದ್ದೆ. ಆ ಸಾಲು ಬಂದಾಗ, ನಾಲ್ಕು ಜನರೆದುರು ಎಂದೂ ಬಾಯಿಬಿಡದ ನಾನು ಜೋರಾಗಿಯೇ ಹಾಡಿದೆ: "ಊವು ತಂದೇವು, ಹೆಲೆ ತಂದೇವು."

ಎಲ್ಲರೂ ತಿರುಗಿ ನೋಡಿದರು. ಪಕ್ಕದಲ್ಲಿದ್ದ ಹೆಂಗಸು ನಕ್ಕು, "ಎಲೆ ಕಣಕ್ಕ, ಹೆಲೆ ಅಲ್ಲ" ಎಂದು ತಿದ್ದಿದಳು.

"ಗೊತ್ತಮ್ಮ" ಎಂದೆ.

ಹಾಡು ಮುಗಿಯುತ್ತಾ ಬಂದು, ತಂಗಿ ಬಾಯಿ ಮುಚ್ಚಿಕೊಂಡಿದ್ದ ಆ ಕೊನೆಯ ಸಾಲು ಬಂತು. ಅಲ್ಲಿಯೂ ಹೆಲೆ ಎಂದೇ ಹಾಡಿದೆ.