ಹದಿನಾಲ್ಕನೇ ಕಾಲಂನಲ್ಲಿ ನಾನು ಬರೆದದ್ದು

2023ರ ಜೂನ್ ತಿಂಗಳಲ್ಲಿ ಕೊಳ್ಳೇಗಾಲದ ಒಂದು ಪದವಿ ಕಾಲೇಜಿನವರು ನನ್ನನ್ನು ಮತ್ತೆ ಕೆಲಸಕ್ಕೆ ಕರೆದರು. ಅಲ್ಲೇ ಇಂಗ್ಲಿಷ್ ಲೆಕ್ಚರರ್ ಆಗಿದ್ದು ರಿಟೈರ್ ಆಗಿ ಆಗಲೇ ಒಂಬತ್ತು ವರ್ಷ ಕಳೆದಿತ್ತು. ಹೊಸ ಹುದ್ದೆಯ ಹೆಸರು ಸ್ಟೂಡೆಂಟ್ ಎಕ್ಸ್‌ಚೇಂಜ್ ಕೋ-ಆರ್ಡಿನೇಟರ್. ಹೆಸರು ಉದ್ದ, ಕೆಲಸ ಸಣ್ಣದು. ರೇಷ್ಮೆ ಕೃಷಿ ಓದುವ ಒಬ್ಬ ವಿದ್ಯಾರ್ಥಿಯನ್ನು ಹತ್ತು ತಿಂಗಳ ಮಟ್ಟಿಗೆ ಜಪಾನಿಗೆ ಕಳಿಸಬೇಕು, ಆ ವಿದ್ಯಾರ್ಥಿ ಅಲ್ಲಿ ಒಂದು ಕುಟುಂಬದ ಜೊತೆ ಇದ್ದು ಓದಬೇಕು. ಅದನ್ನು ಹೋಸ್ಟ್ ಫ್ಯಾಮಿಲಿ ಅನ್ನುತ್ತಾರೆ. "ಮೇಡಂ, ನಾಲ್ಕು ಪುಟ ಇಂಗ್ಲಿಷನ್ನ ಧೈರ್ಯವಾಗಿ ಬರೆಯೋರು ನಮ್ಮಲ್ಲಿ ನೀವೊಬ್ರೇ" ಎಂದರು ಪ್ರಿನ್ಸಿಪಾಲರು. ಹೊಗಳಿಕೆಗೆ ನಾನು ಯಾವತ್ತೂ ಸೋಲುತ್ತೇನೆ. ಯಳಂದೂರಿನಿಂದ ಬೆಳಗಿನ ಬಸ್ಸು ಹಿಡಿದು ಮತ್ತೆ ಕೊಳ್ಳೇಗಾಲಕ್ಕೆ ಓಡಾಡತೊಡಗಿದೆ.

ಆಯ್ಕೆಯಾದವಳು ಹನೂರಿನ ಮಾದೇವಿ, ಇಪ್ಪತ್ತು ವರ್ಷದ ಹುಡುಗಿ. ತಂದೆ ಇಲ್ಲ. ತಾಯಿ ಚಿಕ್ಕತಾಯಮ್ಮ ಬೇರೆಯವರ ಹುಳುಮನೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಮಗಳನ್ನು ಓದಿಸಿದವರು. ಮಾದೇವಿಯನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಸೋದರಮಾವ ಕಾದು ಕೂತಿದ್ದ. "ಓಗಿ ಬರ್ಲಿ ಬುಡಿ, ಮೂರ್ ತಿಂಗ್ಳಿಗೇ ವಾಪಸ್ ಬತ್ತಳೆ. ಬಂದೇಟ್ಗೆ ಮದ್ವೆ" ಎಂದು ನನ್ನ ಮುಂದೆಯೇ ನಕ್ಕಿದ್ದ. ಹತ್ತು ತಿಂಗಳು ಮುಗಿಸಿ ಬಂದರೆ ಮಾತ್ರ ಅವಳ ಓದಿಗೆ ಆ ವರ್ಷ ಸೇರುತ್ತಿತ್ತು. ಅರ್ಧಕ್ಕೆ ಬಂದರೆ ಓದೂ ಅರ್ಧ, ಮೇಲೆ ಮಾವನ ಮಾತೇ ನಿಜ.

ಕಳಿಸುವ ಮೊದಲು ಒಂದು ತಿಂಗಳು ಪ್ರತಿ ಭಾನುವಾರ ಅವಳನ್ನು ನನ್ನ ಮನೆಗೆ ಕರೆಸಿ ಟೇಬಲ್ ಮ್ಯಾನರ್ಸ್ ಹೇಳಿಕೊಟ್ಟೆ. ನಾನು ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳು. ಸಿಸ್ಟರುಗಳು ಕಲಿಸಿದ್ದನ್ನು ಅರವತ್ತು ವರ್ಷ ಪೆಟ್ಟಿಗೆಯಲ್ಲಿಟ್ಟ ಲಿನನ್ ಥರ ಕಾಪಾಡಿಕೊಂಡಿದ್ದೆ. ಬಾಯಿ ಮುಚ್ಚಿ ಅಗಿಯಬೇಕು. ತಾನಾಗಿ ಇನ್ನಷ್ಟು ಬೇಕೆಂದು ಕೇಳಬಾರದು. ಬೇಡ ಅನ್ನುವುದಾದರೆ ಮೆಲ್ಲಗೆ 'ನೋ, ಥ್ಯಾಂಕ್ಯೂ' ಅನ್ನಬೇಕು. ಅವಳು ಎಲ್ಲದಕ್ಕೂ "ಊಂ ಮಿಸ್" ಅನ್ನುತ್ತಿದ್ದಳು.

ಹೋಸ್ಟ್ ಫ್ಯಾಮಿಲಿಗೆ ಕಳಿಸುವ ಫಾರಂ ತುಂಬಿದವಳೂ ನಾನೇ. ಅದರ ಹದಿನಾಲ್ಕನೇ ಕಾಲಂ ಊಟದ ಬಗ್ಗೆ. ಮಾಂಸ, ಮೀನು ತಿನ್ನುತ್ತಾಳೆ, ಅಲರ್ಜಿ ಇಲ್ಲ ಎಂದು ಬರೆದ ಮೇಲೂ ಎರಡು ಸಾಲಿನ ಜಾಗ ಉಳಿದಿತ್ತು. ಖಾಲಿ ಬಿಡುವ ಜಾಯಮಾನ ನನ್ನದಲ್ಲ. ಒಳ್ಳೆಯ ಇಂಗ್ಲಿಷಿನಲ್ಲಿ ಒಂದು ವಾಕ್ಯ ಸೇರಿಸಿದೆ: "ದಯವಿಟ್ಟು ಊಟಕ್ಕೆ ಒತ್ತಾಯ ಮಾಡಬೇಡಿ, ಸಾಕಾದಾಗ ಅವಳೇ ಹೇಳುತ್ತಾಳೆ." ನಮ್ಮ ಕಡೆಯ ಮದುವೆ ಊಟಗಳಲ್ಲಿ ಎಲೆಯ ಮುಂದೆ ನಡೆಯುವ ಆ ಎಳೆದಾಟ, "ಇನ್ನೊಂದೇ ಒಂದು" ಎಂಬ ಆ ಜಗಳ, ನನಗೆ ಯಾವತ್ತೂ ಒಗ್ಗಿರಲಿಲ್ಲ. ಹುಡುಗಿಯನ್ನು ಅದರಿಂದ ಪಾರು ಮಾಡಿದೆನೆಂದುಕೊಂಡೆ.

ಸೆಪ್ಟೆಂಬರ್ ಮೊದಲ ವಾರ ಅವಳು ಹೊರಟಳು. ನಗಾನೊ ಕಡೆಯ ಒಂದು ಸಣ್ಣ ಊರು. ಮನೆಯಲ್ಲಿ ಯೊಶಿಕೊ ಎಂಬ ಶಾಲಾ ಶಿಕ್ಷಕಿ, ಅವರ ಗಂಡ, ಮತ್ತು ಗಂಡನ ತಾಯಿ, ಎಂಬತ್ತಮೂರರ ಅಜ್ಜಿ. ಭಾನುವಾರ ಹನ್ನೊಂದು ಗಂಟೆಗೆ ವಿಡಿಯೊ ಕಾಲ್. ಅಲ್ಲಿ ಆಗ ಮಧ್ಯಾಹ್ನ ಎರಡೂವರೆ.

ಮೊದಲ ಕಾಲ್‌ಗಳೆಲ್ಲ ಹಬ್ಬ.

"ಮಿಸ್, ಇಲ್ಲಿ ಕಕ್ಕಸಿಗೇ ಬ್ಯಾರೆ ಚಪ್ಲಿ. ನಾನು ಮರ್ತು ಅದ್ನೇ ಆಕಂಡು ನಡುಮನೆಗ್ ಬಂದ್ಬುಟ್ಟೆ. ಎಲ್ರೂ ನನ್ ಕಾಲೇ ನೋಡ್ತಾರೆ, ಒಬ್ರೂ ಬಾಯ್ ಬುಡಲ್ಲ!"

"ಮಿಸ್, ಕಸುಕ್ಕೆ ಕ್ಯಾಲೆಂಡರ್ ಅದೆ. ಇವತ್ತು ಬಾಟ್ಲಿ, ನಾಳೆ ಪೇಪರು."

ಮೂರನೇ ವಾರ ದನಿ ಸ್ವಲ್ಪ ಇಳಿಯಿತು. "ಬಸ್ನಲ್ಲಿ ಯಾರೂ ಯಾವೂರು ಅಂತ ಕೇಳಲ್ಲ ಮಿಸ್. ಪಕ್ಕದಲ್ಲೇ ಕುಂತಿರ್ತಾರೆ, ಗೋಡೆ ಥರ." ಹೋಮ್‌ಸಿಕ್‌ನೆಸ್, ಸರಿಹೋಗುತ್ತದೆ ಎಂದೆ. "ಊಟ ಚೆನ್ನಾಗಿದೆಯಾ?" ಎಂದರೆ, "ಚೆಂದಾಗದೆ ಮಿಸ್. ಮೀನ್ ಸಾರು ತೆಳ್ಳಗಿರ್ತದೆ, ಆದ್ರೂ ರುಚಿ" ಎನ್ನುತ್ತಿದ್ದಳು. ಅದರಾಚೆ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ನವೆಂಬರ್ ನಡುವಿನಲ್ಲಿ ಯೊಶಿಕೊ ಅವರ ಇಮೇಲ್ ಬಂತು. ಅಷ್ಟು ವಿನಯದ ದೂರನ್ನು ನಾನು ಅದುವರೆಗೆ ಓದಿರಲಿಲ್ಲ. ಮೊದಲ ಪ್ಯಾರಾ ಪೂರ್ತಿ ಹವಾಮಾನ. ಎರಡನೆಯದರಲ್ಲಿ ಕ್ಷಮಾಪಣೆ, ಯಾವುದಕ್ಕೆಂದು ಇಲ್ಲ. ಮೂರನೆಯದರಲ್ಲಿ ವಿಷಯ. ಮಾದೇವಿಗೆ ನಮ್ಮ ಅಡುಗೆ ಹಿಡಿಸಿಲ್ಲ. ಒಂದು ಬಟ್ಟಲು ಮುಗಿಸಿ ಸಾಕು ಅನ್ನುತ್ತಾಳೆ. ಇಲ್ಲಿಯ ಕಾಲೇಜಿನ ಆರೋಗ್ಯ ತಪಾಸಣೆಯಲ್ಲಿ ಅವಳ ತೂಕ ಐವತ್ತೆರಡರಿಂದ ನಲವತ್ತಾರಕ್ಕೆ ಇಳಿದಿದೆ. ತೀರಿಹೋದ ಮಾವನವರ ಫೋಟೊ ಮುಂದೆ ಇಡುವ ಕಿತ್ತಳೆ ಹಣ್ಣುಗಳು ಕಡಿಮೆಯಾಗುತ್ತಿವೆ, ಇದನ್ನು ಹೇಳಲು ಸಂಕೋಚವಾಗುತ್ತದೆ. ಇನ್ನೊಂದು, ಅತ್ತೆ ಬೇಡ ಬೇಡ ಅಂದರೂ ಅವರ ಬಟ್ಟಲಿಗೆ ಅನ್ನ ಹಾಕಿಬಿಡುತ್ತಾಳೆ. ಅವಳಿಗೆ ನಮ್ಮ ಮೇಲೆ ಏನೋ ಬೇಸರವಿರಬೇಕು. ನಾವು ತಕ್ಕ ಮನೆಯವರಲ್ಲವೇನೋ.

ಮೂರು ತಿಂಗಳಿಗೊಂದು ರಿವ್ಯೂ ಇರುತ್ತದೆ, ಹುಡುಗಿ ಮತ್ತು ಮನೆಯವರು ಹೊಂದಿಕೊಂಡಿದ್ದಾರೆಯೇ ಎಂದು ನೋಡಲು. ಅದಕ್ಕೆ ಹದಿನೆಂಟು ದಿನ ಉಳಿದಿತ್ತು. ಆ ಊರಿನಲ್ಲಿ ಬೇರೆ ಹೋಸ್ಟ್ ಫ್ಯಾಮಿಲಿ ಇರಲಿಲ್ಲ. ಯೊಶಿಕೊ ಆಗುವುದಿಲ್ಲ ಎಂದರೆ ಮಾದೇವಿ ಹಿಂದಿರುಗಬೇಕು.

ನನಗೆ ತಲೆಬುಡ ತಿಳಿಯಲಿಲ್ಲ. ತನಗೆ ಊಟ ಬೇಡ ಅನ್ನುವವಳು ಮುದುಕಿಗೆ ಯಾಕೆ ಬಲವಂತವಾಗಿ ಬಡಿಸುತ್ತಾಳೆ? ಅಡುಗೆ ಹಿಡಿಸದವಳು ಸತ್ತವರ ಮುಂದಿನ ಹಣ್ಣು ಯಾಕೆ ತಿನ್ನುತ್ತಾಳೆ? ಅಂದೇ ಕಾಲ್ ಮಾಡಿದೆ.

"ಕಿತ್ತಳೆ ತಗೊಂಡೆಯಾ?"

"ಊಂ ಮಿಸ್. ತಾತನ್ನ ಕೇಳೇ ತಕಂಡೆ. ತಾತ, ಒಂದ್ ತಕತೀನಿ ಕಣಪ್ಪ ಅಂತ ಕೈ ಮುಗ್ದು. ಎಡೆ ಇಟ್ಟಿದ್ದು ಮನೆ ಮಕ್ಳಿಗೇ ಅಲ್ವಾ?"

"ಅಜ್ಜಿ ಬೇಡ ಅಂದರೂ ಯಾಕೆ ಬಡಿಸ್ತೀಯ?"

"ಅಜ್ಜಿ ಬ್ಯಾಡ ಅಂತಾನೇ ಉಣ್ತಾರೆ ಮಿಸ್. ಚೊಕ್ಕಟವಾಗಿ ಉಣ್ತಾರೆ."

"ನೀನು ಯಾಕೆ ಊಟ ಬಿಟ್ಟಿದ್ದೀಯ?"

ಅವಳು ತಲೆ ತಗ್ಗಿಸಿದಳು, ಸ್ಕ್ರೀನಿನಲ್ಲಿ ನೆತ್ತಿ ಮಾತ್ರ ಕಂಡಿತು. "ನಾನೆಲ್ ಬುಟ್ಟಿವ್ನಿ ಮಿಸ್? ಅವ್ರು ಕೊಟ್ಟಷ್ಟು ಉಣ್ತಾವ್ನಿ." ಆಮೇಲೆ ಮುಖವೆತ್ತಿ, "ನನ್ನ ವಾಪಸ್ ಕರೀಬ್ಯಾಡಿ ಮಿಸ್. ಲ್ಯಾಬಲ್ಲಿ ಈಗ್ತಾನೆ ಮೈಕ್ರೋಸ್ಕೋಪು ನನ್ ಕೈಗ್ ಕೊಟ್ಟವ್ರೆ" ಎಂದಳು.

ನಾನು ಎಲ್ಲಾ ತಪ್ಪು ದಾರಿಗಳನ್ನೂ ತುಳಿದೆ. ಥೈರಾಯ್ಡ್ ಟೆಸ್ಟ್ ಮಾಡಿಸಲು ಬರೆದೆ. ರಾಗಿ ಹುರಿಹಿಟ್ಟು ಪಾರ್ಸೆಲ್ ಕಳಿಸುವ ಬಗ್ಗೆ ವಿಚಾರಿಸಿದೆ. ಯೊಶಿಕೊ ಅವರಿಗೆ ಬರೆದ ಉತ್ತರದಲ್ಲಿ, ಹದಿನಾಲ್ಕನೇ ಕಾಲಂನಲ್ಲಿ ತಿಳಿಸಿದಂತೆ ಒತ್ತಾಯ ಮಾಡದೆ ಇರುವುದೇ ಒಳ್ಳೆಯದೆಂದು ಇನ್ನೊಮ್ಮೆ ನೆನಪಿಸಿದೆ. ಅದನ್ನು ಈಗ ನೆನೆದರೂ ಮುಖ ಬಿಸಿಯಾಗುತ್ತದೆ.

ರಿವ್ಯೂಗೆ ಹನ್ನೊಂದು ದಿನ ಇರುವಾಗ ತಾಯಿಗೆ ವಿಷಯ ತಿಳಿಸೋಣವೆಂದು ಹನೂರಿನ ಬಸ್ಸು ಹತ್ತಿದೆ. ಮಧ್ಯಾಹ್ನ ಒಂದರ ಹೊತ್ತು. ಚಿಕ್ಕತಾಯಮ್ಮ ಹುಳುಮನೆಯಿಂದ ಊಟಕ್ಕೆ ಬಂದಿದ್ದರು, ಸೀರೆಗೆಲ್ಲ ಹಿಪ್ಪುನೇರಳೆ ಸೊಪ್ಪಿನ ವಾಸನೆ. ನಾನು ಬಾಯಿ ತೆರೆಯುವ ಮೊದಲೇ ತಟ್ಟೆ ಬಂತು.

"ನನ್ನದು ಆಗಿದೆ ಚಿಕ್ಕತಾಯಮ್ಮ, ಈಗ ಬೇಡ."

"ಆಗದೆ ಬುಡಿ. ಒಂದ್ ಮುದ್ದೆ ಉಣ್ಣಿ."

ಮುದ್ದೆ ಬಂತು, ಉಪ್ಪುಸಾರು ಬಂತು, ಅಂಚಿನಲ್ಲಿ ಖಾರ ಬಂತು. ಮುದ್ದೆ ಮುಗಿಯುವ ಹೊತ್ತಿಗೆ ಅನ್ನದ ಪಾತ್ರೆ ಹಿಡಿದು ನಿಂತರು. "ನೋ ನೋ, ಸಾಕು" ಎಂದೆ. ಅನ್ನ ಬಿತ್ತು. ಮತ್ತೆ ಬಾಗಿದಾಗ ತಟ್ಟೆಗೆ ಅಡ್ಡವಾಗಿ ಕೈ ಹಿಡಿದೆ. ಆ ಪುಣ್ಯಾತ್ಗಿತ್ತಿ ಕೈ ಮೇಲೆಯೇ ಸಾರು ಬಿಟ್ಟರು.

"ಚಿಕ್ಕತಾಯಮ್ಮ! ಬೇಡ ಅಂದರೆ ಬೇಡ ಅಲ್ಲವೇನ್ರಿ?"

ಅವರು ಸೌಟು ಹಿಡಿದೇ ನನ್ನನ್ನು ನೋಡಿದರು. "ಅದೆಂಗ್ ಆದದು ಮಿಸ್ಸಮ್ಮ? ಉಣ್ಣೋರು ಬ್ಯಾಡ ಅನ್ನೋದು ಮರ್ಯಾದೆ, ಇಕ್ಕೋರು ಇಕ್ಕೋದು ಮರ್ಯಾದೆ. ನೀವ್ ಬ್ಯಾಡ ಅಂದ್ರಿ ಅಂತ ನಾ ಪಾತ್ರೆ ಎತ್ಕಂಡ್ ಓಗ್ಬುಟ್ರೆ, ಇವ್ಳ್ಗೆ ಇಕ್ಕಾಕೆ ಮನ್ಸಿಲ್ಲ ಅಂತ ಆಗಕಿಲ್ವಾ?" ಪಾತ್ರೆ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಅಲ್ಲಿ ನನ್ ಮಗೀಗೆ ಬಲ್ವಂತ ಮಾಡಿ ಇಕ್ತಾರಾ? ಅವ್ಳು ಮನೇಲೂ ಮೂರ್ ಸಲ ಕರೀದೆ ಉಣ್ಣಾಕೆ ಬರೋ ಮಗ ಅಲ್ಲ."

ಬೆರಳುಗಳ ಸಂದಿಯಿಂದ ಸಾರು ತಟ್ಟೆಗೆ ತೊಟ್ಟಿಕ್ಕುತ್ತಿತ್ತು. ನನ್ನ ಒಳ್ಳೆಯ ಇಂಗ್ಲಿಷ್ ವಾಕ್ಯ ಕಣ್ಣ ಮುಂದೆ ಬಂತು. ಅದರ ಹಿಂದೆಯೇ, ಎಷ್ಟೋ ವರ್ಷಗಳಿಂದ ನೆನೆಯದಿದ್ದ ಇನ್ನೊಂದು ಬಂತು. ಎಂಟು ವರ್ಷದ ನಾನು, ಬೋರ್ಡಿಂಗಿನ ಮೊದಲ ಸಪ್ಪರ್. ಸಿಸ್ಟರ್ ಬ್ರೆಡ್ಡಿನ ಬುಟ್ಟಿ ಹಿಡಿದು ಬಂದರು. ಮನೆಯಲ್ಲಿ ಅನ್ನುವಂತೆ ತಲೆಯಲ್ಲಾಡಿಸಿ ಬೇಡ ಎಂದು, ಎರಡನೇ ಸಲ ಕೇಳಲಿ ಎಂದು ಕಾದೆ. ಬುಟ್ಟಿ ಪಕ್ಕದ ಹುಡುಗಿಗೆ ಹೋಯಿತು, ಆಮೇಲೆ ಅವಳ ಪಕ್ಕದವಳಿಗೆ, ಆಮೇಲೆ ಟೇಬಲ್ಲಿನ ತುದಿಗೆ. ವಾಪಸ್ ಬರಲಿಲ್ಲ. ಒಂದು ವಾರ ಹೀಗೇ ನಡೆದು, ಮೊದಲ ಸಲಕ್ಕೇ 'ಯೆಸ್, ಪ್ಲೀಸ್' ಅನ್ನುವುದನ್ನು ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ, ಅದು ಕಲಿಯಬೇಕಾಗಿದ್ದ ವಿಷಯವೆಂಬುದೇ ಮರೆತುಹೋಯಿತು. ಮಾದೇವಿಗೆ ಫೋರ್ಕ್ ಹಿಡಿಯುವುದನ್ನು ಕಲಿಸಿದೆ. ಹೊರಗೆ ಬೇಡ ಅಂದರೆ ಬೇಡ ಅಂತಲೇ ತಿಳಿಯುತ್ತಾರೆ ಎಂಬುದನ್ನು ಕಲಿಸಲಿಲ್ಲ.

ಅವತ್ತೇ ಯೊಶಿಕೊ ಅವರಿಗೆ ಬರೆದೆ. ಹದಿನಾಲ್ಕನೇ ಕಾಲಂ ನನ್ನ ತಪ್ಪು, ದಯವಿಟ್ಟು ಹೊಡೆದುಹಾಕಿ. ನಮ್ಮ ಊರುಗಳಲ್ಲಿ ಮೊದಲ ಬೇಡ ಬರೀ ಮರ್ಯಾದೆ, ಎರಡನೆಯದು ಸಂಕೋಚ. ಮೂರನೇ ಸಲ ಕೇಳಿದ ಮೇಲೂ ಬೇಡ ಅಂದರೆ ನಂಬಬಹುದು. ಹಸಿವಾದಾಗ ಅವಳು ಕೇಳಲಾರಳು, ಕೇಳಬಾರದೆಂದು ನಾನೇ ಕಲಿಸಿದ್ದೇನೆ. ಕಿತ್ತಳೆ ತಿಂದದ್ದು ಅಗೌರವದಿಂದಲ್ಲ. ನಿಮ್ಮ ಮಾವನವರನ್ನು ಕೇಳಿ, ತನ್ನ ಸ್ವಂತ ತಾತನೆಂದುಕೊಂಡು ತಿಂದಿದ್ದಾಳೆ. ಅಜ್ಜಿಗೆ ಬಡಿಸಿದ್ದು, ತನಗೆ ಯಾರಾದರೂ ಮಾಡಲಿ ಎಂದು ಕಾಯುತ್ತಿದ್ದ ಕೆಲಸ.

ಮಾದೇವಿಗೂ ಕಾಲ್ ಮಾಡಿ, ಅಲ್ಲಿಯ ರೀತಿ ಬೇರೆ, ಹಸಿವಾದರೆ ಬಾಯಿ ಬಿಟ್ಟು ಹೇಳು ಎಂದೆ. "ನಾಚ್ಕೆ ಆಯ್ತದೆ ಮಿಸ್, ಬಕಾಸುರಿ ಅನ್ಕಂಡಾರು" ಎಂದಳು.

ನಾಲ್ಕು ದಿನ ಉತ್ತರ ಬರಲಿಲ್ಲ. ಐದನೇ ದಿನ ಮಾದೇವಿಯೇ ಕಾಲ್ ಮಾಡಿದಳು. ಅದು ಭಾನುವಾರವೂ ಅಲ್ಲ.

"ಮಿಸ್, ಯೊಶಿಕೊ ಅಮ್ಮಾವ್ರಿಗೆ ಏನಾಗದೆ? ಸೌಟ್ ಇಡ್ಕಂಡು ಮೂರ್ ಸಲ ಕೇಳ್ತಾರೆ. ಬೆರ್ಳ್ ಎಣಿಸ್ಕಂಡು! ಒಂದು, ಎರಡು, ಮೂರು. ಮೂರನೇದಕ್ಕೆ ನಾನು ಊಂ ಅಂದ್ರೆ ಮನೇವ್ರೆಲ್ಲ ಚಪ್ಪಾಳೆ ತಟ್ತಾರೆ." ನಗುತ್ತಿದ್ದಳು, ಅಳುತ್ತಲೂ ಇದ್ದಳು. ಎರಡರಲ್ಲಿ ಯಾವುದೆಂದು ನನಗೆ ಕೊನೆಗೂ ತಿಳಿಯಲಿಲ್ಲ.

ಯೊಶಿಕೊ ಅವರ ಪತ್ರ ಮರುದಿನ ಬಂತು. ಈ ಸಲ ಹವಾಮಾನ ಇರಲಿಲ್ಲ. ಅವರ ದೇಶದಲ್ಲೂ ಹಿಂದಿನವರು ಮೊದಲ ಸಲಕ್ಕೆ ಬೇಡ ಅನ್ನುತ್ತಿದ್ದರಂತೆ, ಅದು ಅವರಿಗೆ ಚೆನ್ನಾಗಿ ಗೊತ್ತಂತೆ. ಆದರೆ ವಿದೇಶದ ಮಗು, ಮೇಲಾಗಿ ಫಾರಂನಲ್ಲಿ ಬರೆದೇ ಕೊಟ್ಟಿದ್ದಾರೆ ಎಂದು ಅದನ್ನೇ ಪಾಲಿಸಿದ್ದರು. ಕೊನೆಯಲ್ಲಿ ಬರೆದಿದ್ದರು: "ನಮ್ಮ ಅತ್ತೆ ಈ ಮನೆಗೆ ಬಂದು ನಾಲ್ಕು ವರ್ಷವಾಯಿತು. ಪ್ರತಿದಿನ ಒಂದು ಬಟ್ಟಲಿಗೆ ಸಾಕು ಅನ್ನುತ್ತಿದ್ದರು. ವಯಸ್ಸಾಯಿತೆಂದು ನಾನು ನಂಬಿದ್ದೆ. ಈಗ ನಾನು ಇಬ್ಬರನ್ನೂ ಮೂರು ಮೂರು ಸಲ ಕೇಳುತ್ತೇನೆ."

ರಿವ್ಯೂ ಫಾರಂನಲ್ಲಿ ಯೊಶಿಕೊ 'ಮುಂದುವರಿಯಲಿ' ಎಂದು ಸಹಿ ಹಾಕಿದರು. ಮಾದೇವಿ ಹತ್ತು ತಿಂಗಳೂ ಪೂರೈಸಿ ಮುಂದಿನ ಜುಲೈನಲ್ಲಿ ಬಂದಳು, ಐವತ್ತೈದು ಕೆಜಿ. ಮಾವ ಮಗನಿಗೆ ಬೇರೆ ಹೆಣ್ಣು ನೋಡಿದ. ಆಮೇಲೆ ನಾನು ಇನ್ನೂ ಇಬ್ಬರನ್ನು ಕಳಿಸಿದೆ. ಹದಿನಾಲ್ಕನೇ ಕಾಲಂ ತುಂಬುವ ಮೊದಲು ಅವರವರ ಮನೆಗೆ ಹೋಗಿ ಒಂದು ಹೊತ್ತು ಊಟ ಮಾಡಿ ಬಂದೆ. ಒಬ್ಬರ ಬಗ್ಗೆ ಬರೆಯುವ ಮೊದಲು ಅವರ ಮನೆಯಲ್ಲಿ ಬೇಡ ಅನ್ನುವುದಕ್ಕೆ ಏನರ್ಥ ಎಂದು ತಿಳಿದುಕೊಳ್ಳಬೇಕು. ಮೂವತ್ತಮೂರು ವರ್ಷ ಪಾಠ ಹೇಳಿದರೂ ನನಗೆ ಇದನ್ನು ಕಲಿಸಿದ್ದು ಆ ಸಣ್ಣ ಕೆಲಸ.

ಕಲಿತೆ ಅನ್ನುತ್ತೇನೆ. ಊರಿಗೆ ಬಂದ ವಾರ ಮಾದೇವಿ, ಅಜ್ಜಿ ಕಳಿಸಿದ ಟೀ ಪೊಟ್ಟಣ ಹಿಡಿದು ಯಳಂದೂರಿಗೆ ಬಂದಿದ್ದಳು. ದೋಸೆ ಹಾಕಿಕೊಟ್ಟೆ. ಎರಡು ತಿಂದಳು. ಮೂರನೆಯದನ್ನು ತಂದು, "ಇನ್ನೊಂದು?" ಎಂದೆ.

"ಬ್ಯಾಡ ಮಿಸ್, ಸಾಕು."

"ಆಲ್ ರೈಟ್" ಎಂದು ದೋಸೆಯನ್ನು ಹಿಂದಕ್ಕೆ ತೆಗೆದುಕೊಂಡು ಹೊರಟೆ. ಅಡುಗೆಮನೆಯ ಹೊಸ್ತಿಲು ದಾಟಿಯೂ ಆಗಿತ್ತು. ಯಾಕೋ ತಿರುಗಿ ನೋಡಿದೆ. ಮಾದೇವಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನತ್ತ ಎರಡು ಬೆರಳು ಎತ್ತಿ ಹಿಡಿದು ಕೂತಿದ್ದಳು.

"ಇನ್ನೂ ಎರಡ್ ಸಲ ಕೇಳ್ಬೇಕು ಮಿಸ್."