ವರ್ಷತೊಡಕಿನ ಚಾಕು

ಯುಗಾದಿಯ ಮಾರನೆಯ ದಿನ, ಬೆಳಗಿನ ಆರು ಗಂಟೆ. ಸ್ಥಳ, ಯಲಹಂಕದ ಪುಟ್ಟೇನಹಳ್ಳಿ ಕೆರೆಯಿಂದ ಸ್ವಲ್ಪ ಆಚೆ ನಮ್ಮ ಬೀಗರ ಮನೆತನದವರು ಇನ್ನೂ ಮಾರದೆ ಉಳಿಸಿಕೊಂಡಿರುವ ಖಾಲಿ ಜಾಗ, ಅಲ್ಲಿನ ಹೊಂಗೆ ಮರದ ಕೆಳಗೆ. ಹಾಜರಿದ್ದವರು: ನಾನು, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಬೀಗರು, ಎಂದರೆ ನನ್ನ ಮಗಳ ಮಾವ, ಅವರ ದೊಡ್ಡಪ್ಪನ ಮಗ, ಪಾಲು ಹಾಕಿದ್ದ ಹತ್ತು ಮನೆಗಳ ಜನ, ಮತ್ತು ಒಂದು ಮೇಕೆ. ನನ್ನ ಅಳಿಯ ತಡವಾಗಿ ಬಂದದ್ದರಿಂದ ಅವನನ್ನು ಹಾಜರಿಯಲ್ಲಿ ಸೇರಿಸಿಲ್ಲ.

ಈ ಕಡೆಯ ಹಳೇ ಊರಿನವರಿಗೆ ಯುಗಾದಿಯಂದು ಒಬ್ಬಟ್ಟು, ಮಾರನೆಯ ದಿನ ವರ್ಷತೊಡಕಿಗೆ ಬಾಡು, ಎಂದರೆ ಮಾಂಸ. ಹತ್ತು ಮನೆಯವರು ಸೇರಿ ಒಂದು ಮೇಕೆ ತಂದು, ಮರದ ಕೆಳಗೇ ಕೊಯ್ದು, ಬಾಳೆ ಎಲೆಗಳ ಮೇಲೆ ಮನೆಗೊಂದು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಗುಡ್ಡೆ ಬಾಡು ಅನ್ನುವುದು ಅದಕ್ಕೇ. ಬೀಗರ ತಂದೆಯ ಕಾಲದಲ್ಲಿ ಈ ದಿನ ಗಂಡಸರು ಕೆರೆಯಾಚೆಯ ಕುರುಚಲು ಕಾಡಿಗೆ ಮೊಲದ ಬೇಟೆಗೆ ಹೋಗುತ್ತಿದ್ದರಂತೆ. ಈಗ ಬೇಟೆಯಾಡುವಂತಿಲ್ಲ, ಅದು ಸರಿಯೂ ಹೌದು. ಕುರುಚಲು ಕಾಡಿದ್ದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ; ಮೊಲ ಬೇಕೆಂದರೆ ಯಾವುದೋ ಮಹಡಿಯ ಬಾಲ್ಕನಿಯಲ್ಲಿ, ಪಂಜರದೊಳಗೆ, ಕ್ಯಾರೆಟ್ ತಿನ್ನುತ್ತಾ ಕೂತಿರುತ್ತದೆ. ಬೇಟೆ ಹೋಯಿತು, ಬೇಟೆ ಚಾಕು ಉಳಿಯಿತು. ಆ ಚಾಕಿನಲ್ಲಿ ಚರ್ಮ ಬಿಡಿಸಿ ಹೊಟ್ಟೆ ತೆರೆಯುವ ಕೆಲಸ ಬೀಗರ ಮನೆಯದು. ತಂದೆಯ ನಂತರ ಅವರೇ ಮಾಡಿಕೊಂಡು ಬಂದಿದ್ದರು.

ಹಬ್ಬ ಹತ್ತಿರ ಬಂದಾಗ ಅವರು ಬಚ್ಚಲಿನಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ನೋಡಲು ಬಂದ ದೊಡ್ಡಪ್ಪನ ಮಗ ಕಾಫಿ ಕುಡಿದು ಲೋಟ ಕೆಳಗಿಟ್ಟರು. ನಾನೂ ಅಲ್ಲೇ ಕೂತಿದ್ದೆ.

“ಬಿಡಪ್ಪ, ಈ ವರ್ಷ ಗಂಗಾನಗರದ ಕಡೆಯಿಂದ ಅಂಗಡಿಯವನ್ನ ಕರ್ಸಣ. ಮಿಷನ್‌ನಲ್ಲಿ ಕಟ್ ಮಾಡಿ, ಪ್ಯಾಕೆಟ್ ಆಕಿ, ಎಲ್ರ ಮನೆ ಬಾಗ್ಲಿಗೂ ಕಳಿಸ್ತಾನೆ.”

“ಮನೆ ಬಾಗ್ಲಿಗೇ ಬಂದ್ರೆ ಮರದ ಕೆಳಗೆ ಯಾರಣ್ಣ ಬರ್ತಾರೆ?”

ಬೀಗರ ಭಯ ಅದೇ ಆಗಿತ್ತು. ಹತ್ತು ಮನೆಯಲ್ಲಿ ಈಗ ಊರಲ್ಲಿರುವುದು ಮೂರು ಮನೆ. ಉಳಿದವರು ಹೆಬ್ಬಾಳ, ಆರ್.ಟಿ. ನಗರ, ಸೋಲದೇವನಹಳ್ಳಿ ಅಂತ ಚದುರಿದ್ದಾರೆ. ವರ್ಷಕ್ಕೊಮ್ಮೆ ಅವರೆಲ್ಲ ಒಟ್ಟಿಗೆ ನಿಲ್ಲುವುದು ಈ ಮರದ ಕೆಳಗೆ ಮಾತ್ರ. ಪ್ಯಾಕೆಟ್ಟು ಒಂದು ವರ್ಷ ಮನೆಗೆ ಬಂದರೆ ಪ್ರತಿ ವರ್ಷವೂ ಬರುತ್ತದೆ. ಆಮೇಲೆ ಖಾಲಿ ಜಾಗ ಯಾಕೆ ಖಾಲಿ ಇರಬೇಕು ಅನ್ನುವ ಮಾತು ಬರುತ್ತದೆ. ಕಾರು ನಿಲ್ಲಿಸುವವರು ಆಗಲೇ ಬಾಡಿಗೆಗೆ ಕೇಳಿ ಹೋಗಿದ್ದರು.

ಬೀಗರು ನನ್ನ ಕಡೆ ತಿರುಗಿದರು. “ಬೀಗ್ರೇ, ಮಿಲಿಟ್ರೀಲಿ ಮೇಕೆ ಕೊಯ್ತಿದ್ದೆ ಅಂತಿದ್ರಲ್ಲ, ಅದು ನಿಜವಾ, ಸುಮ್ನೆ ಏಳಿದ್ದಾ?”

“ಮಿಲಿಟರ್ಯಾಗ ಸುಮ್ನ ಹೇಳೂ ಪದ್ಧತಿ ಇಲ್ರೀ ಬೀಗರ.”

ಅದು ನಿಜವೇ. ನಾನು ಬಾಗಲಕೋಟೆ ಕಡೆಯವನು. ಸೈನ್ಯದಲ್ಲಿ ಬಹುಪಾಲು ಬೆಟ್ಟದ ಠಾಣೆಗಳ ಅಡುಗೆ ಉಗ್ರಾಣ ನೋಡಿಕೊಂಡವನು. ಆಮೇಲೆ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಕಾವಲಿನ ಮೇಲ್ವಿಚಾರಕನಾಗಿ ಕೆಲಸ ಮಾಡಿ ಯಲಹಂಕದಲ್ಲಿ ನೆಲೆ ನಿಂತವನು. ಬೆಟ್ಟದ ಮೇಲೆ ಲಾರಿ ಹತ್ತುತ್ತಿರಲಿಲ್ಲ. ಮೇಕೆಗಳು ತಾವೇ ನಡೆದು ಬರುತ್ತಿದ್ದವು. ಬಂದ ಮೇಲಿನ ಕೆಲಸ ನಮ್ಮದು. ಆದರೆ ಅದು ಬಹಳ ಹಿಂದಿನ ಮಾತು. ಕೈಗೆ ನೆನಪಿದೆಯೋ ಇಲ್ಲವೋ ಅನ್ನುವುದು ನನಗೂ ಗೊತ್ತಿರಲಿಲ್ಲ.

ಬೀಗರ ಹಳೇ ಚಾಕು ಮಸೆದೂ ಮಸೆದೂ ಕಿರುಬೆರಳಿನಷ್ಟಾಗಿ, ಹಿಂದಿನ ವರ್ಷವೇ ಹಿಡಿಯ ಹತ್ತಿರ ಮುರಿದಿತ್ತು. ಹೊಸದು ಬೇಕು. ಹಬ್ಬದ ಹಿಂದಿನ ಶನಿವಾರ ಇಬ್ಬರೂ ಬಸ್ಸು ಹತ್ತಿ ಯಶವಂತಪುರಕ್ಕೆ ಹೋದೆವು. ಮಾರ್ಕೆಟ್ಟಿನ ಹತ್ತಿರದ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಗಲ್ಲಾದ ಮೇಲಿದ್ದ ಹೆಂಗಸು ನಮ್ಮಿಬ್ಬರ ಬಿಳಿ ಕೂದಲು ನೋಡಿ ಮೊದಲು ಈಳಿಗೆ ಮಣೆ ತೋರಿಸಿದರು. ಬೇಟೆ ಚಾಕು ಅಂದ ಕೂಡಲೇ ಅವರ ಮುಖ ಅರಳಿತು. ಕೆಂಪು ಬಟ್ಟೆಯ ಪೆಟ್ಟಿಗೆಯಿಂದ ಮೊಳದುದ್ದದ ಒಂದನ್ನು ಎತ್ತಿದರು.

“ಇದು ತಗೊಳ್ಳಿ ಅಂಕಲ್, ಫುಲ್ ಶಿಕಾರಿ ಮಾಡೆಲ್. ಬೆನ್ನಿಗೆ ಗರಗಸ, ಹಿಡೀಲಿ ದಿಕ್ಸೂಚಿ.”

“ಯಲಹಂಕಕ್ಕ ಹೋಗೂ ದಾರಿ ಗೊತ್ತೈತಿ ತಂಗಿ. ದಿಕ್ಸೂಚಿ ಬ್ಯಾಡ.”

“ಬಸ್ ತಪ್ಪಿದ್ರೆ ಬೇಕಾಗ್ತದೆ, ತಗೊಳ್ಳಿ ಬೀಗ್ರೇ,” ಅಂದರು ಬೀಗರು.

ಚಾಕು ಆರಿಸುವುದಕ್ಕೆ ನನ್ನದೊಂದು ಕ್ರಮವಿದೆ. ಅಲಗು ನನ್ನ ಅಂಗೈಯಷ್ಟು ಉದ್ದವಿದ್ದರೆ ಸಾಕು. ಉದ್ದ ಹೆಚ್ಚಿದಷ್ಟೂ ಮೊನೆ ಎಲ್ಲಿದೆ ಎಂದು ಕೈಗೆ ತಿಳಿಯುವುದಿಲ್ಲ. ಬೆನ್ನು ದಪ್ಪಗಿರಬೇಕು, ಬಾಯಿ ಸ್ವಲ್ಪ ಬಾಗಿರಬೇಕು. ಚರ್ಮ ಬಿಡಿಸುವುದು ಆ ಬಾಗಿನಿಂದ, ಮೊನೆಯಿಂದಲ್ಲ. ಮೊನೆ ಸೂಜಿಯಂತಿದ್ದರೆ ಬೇಡ, ತಾಗಿದ ಕಡೆಯೆಲ್ಲ ತೂತು ಮಾಡುತ್ತದೆ. ಗರಗಸದ ಹಲ್ಲಿನಿಂದ ಉಪಯೋಗವಿಲ್ಲ, ಕೂದಲು ಸಿಕ್ಕಿಕೊಳ್ಳುತ್ತದೆ. ಮಡಚುವ ಚಾಕು ಕಿತ್ತಳೆ ಸುಲಿಯಲು ಸರಿ; ಅದರ ಕೀಲಿನೊಳಗೆ ಕೊಬ್ಬು ಹೋಗಿ ಕೂತರೆ ತೊಳೆಯುವುದು ಯಾರು? ಎಲ್ಲಕ್ಕಿಂತ ಮುಖ್ಯ, ಅಲಗಿನ ಕಬ್ಬಿಣ ಹಿಡಿಯೊಳಗೆ ಅರ್ಧಕ್ಕೇ ನಿಲ್ಲದೆ ಕೊನೆಯವರೆಗೂ ಹೋಗಿರಬೇಕು. ಬೀಗರ ಚಾಕು ಮುರಿದದ್ದು ಅಲ್ಲಿ.

ಹೊಳೆಯುವುದನ್ನೆಲ್ಲ ಪಕ್ಕಕ್ಕೆ ಸರಿಸಿ ಹುಡುಕಿದಾಗ ಮೂಲೆಯ ಡಬ್ಬದಲ್ಲಿ ಒಂದು ಸಿಕ್ಕಿತು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಮಾಡಿದ ಕಪ್ಪು ಅಲಗು, ಒರಟು ಮರದ ಹಿಡಿ, ಮೂರು ರಿವಿಟ್ಟು. ಬಿಟ್ಟರೆ ತುಕ್ಕು ಹಿಡಿಯುತ್ತದೆ, ಆದರೆ ಕಲ್ಲಿಗೆ ಉಜ್ಜಿದರೆ ಎಲ್ಲಿ ಬೇಕಾದರೂ ಹರಿತವಾಗುತ್ತದೆ. ಬೀಗರು ಎಡಗೈಯಲ್ಲಿ ಹಿಡಿದು ತೂಗಿ ನೋಡಿದರು.

“ಇಡಿ ಒರಟಾಗೈತೆ, ಇಂಗೇ ಇರ್ಲಿ ಬೀಗ್ರೇ.”

ನಾನು ಆಯಿತು ಅಂದೆ. ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ನನ್ನ ಮನೆಯಲ್ಲಿ ಮಂಕಾದ ವಸ್ತುವಿಗೆ ಜಾಗವಿಲ್ಲ. ಚಪ್ಪಲಿಗಳು ಸಾಲಾಗಿ ನಿಂತಿರುತ್ತವೆ, ಬಾಗಿಲ ಹಿಡಿಗಳಿಗೆ ಪ್ರತಿ ಭಾನುವಾರ ಬ್ರಾಸೊ ಪಾಲಿಶ್. ಅಲಗನ್ನು ಮೊದಲು ಒರಟು ಕಲ್ಲಿನಲ್ಲಿ, ಆಮೇಲೆ ನಯವಾದ ಕಲ್ಲಿನಲ್ಲಿ ಮಸೆದೆ. ತೂಗುಹಾಕಿದ ಕಾಗದ ಸದ್ದಿಲ್ಲದೆ ಎರಡಾಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಹಿಡಿಯ ಆ ಒರಟು ಕಣ್ಣಿಗೆ ಚುಚ್ಚುತ್ತಿತ್ತು. ಮರಳು ಕಾಗದದಲ್ಲಿ ಉಜ್ಜಿ ವಾರ್ನಿಶ್ ಬಳಿದೆ. ಒಣಗಿದ ಮೇಲೆ ಇನ್ನೊಮ್ಮೆ. ಹಬ್ಬಕ್ಕೆ ಕರೆಯಲು ಬಂದ ಮಗಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

“ಅಪ್ಪಾ, ನೀವು ಮ್ಯಾಕಿ ಕೊಯ್ಯಾಕ ಹೊಂಟೀರೋ, ಪರೇಡಿಗೆ ಹೊಂಟೀರೋ?”

ಅದನ್ನು ಹೊಗಳಿಕೆ ಎಂದೇ ತಿಳಿದು ಮೂರನೆಯ ಸಲವೂ ಬಳಿದೆ.

ಇನ್ನು ಮರದ ಕೆಳಗಿನ ವಿಷಯ. ಮೇಕೆಯನ್ನು ಮನೆತನದ ಒಬ್ಬರು ಕಡಿದು ಕೊಟ್ಟರು, ಕೊಂಬೆಗೆ ಹಿಂಗಾಲು ಕಟ್ಟಿ ತೂಗುಹಾಕಿದೆವು. ನಾನು ಶರ್ಟಿನ ತೋಳು ಮಡಚಿ ಚಾಕು ಹೊರತೆಗೆದಾಗ ಅದು ಬಿಸಿಲಿಗೆ ಮಿಂಚಿತು. ಜನ ಓಹೋ ಅಂದರು. ಅಳಿಯ ಅಷ್ಟು ಹೊತ್ತಿಗೆ ಬಂದು, ಒಂದು ಸಲ ಮೇಕೆ ನೋಡಿ, ಕೆರೆಯ ಕಡೆ ತಿರುಗಿ ನಿಂತ. ಬಾಡಿನ ಸಾರೆಂದರೆ ಅವನಿಗೆ ಪ್ರಾಣ; ಅದಕ್ಕೆ ಹಿಂದಿನ ಹಂತಗಳು ಕಂಡರೆ ತಲೆ ಸುತ್ತು.

ಕಾಲಿನ ಸುತ್ತ ಉಂಗುರದ ಹಾಗೆ ಗೆರೆ ಎಳೆದು, ತೊಡೆಯ ಒಳಬದಿಗೆ ಸೀಳು ಕೊಟ್ಟೆ. ಅಲ್ಲಿಂದ ಮುಂದೆ ಮುಷ್ಟಿಯ ಕೆಲಸ. ಚರ್ಮಕ್ಕೂ ಮಾಂಸಕ್ಕೂ ನಡುವೆ ಮುಷ್ಟಿ ತೂರಿಸಿ ಒತ್ತುತ್ತಾ ಹೋದರೆ ಅರ್ಧದಷ್ಟು ತಾನೇ ಬಿಡುತ್ತದೆ. ಅಂಟಿಕೊಂಡಲ್ಲಿ ಮಾತ್ರ ಅಲಗಿನ ಬಾಗು ತಾಗಿಸಬೇಕು. ಕೈಗೆ ನೆನಪಿತ್ತು. ಚರ್ಮ ಅಂಗಿ ಕಳಚಿದ ಹಾಗೆ ಕೆಳಗಿಳಿಯಿತು. ಬೀಗರು ಪಕ್ಕದಲ್ಲೇ ನಿಂತು ತಲೆ ಆಡಿಸುತ್ತಿದ್ದರು. ಅವರ ಎಡಗೈ ಮುಷ್ಟಿ ಕಟ್ಟಿಕೊಂಡು ನನ್ನ ಜೊತೆಜೊತೆಗೇ ಗಾಳಿಯನ್ನು ಒತ್ತುತ್ತಿತ್ತು.

ಉಳಿದದ್ದು ಹೊಟ್ಟೆ. ಅದೇ ನಾಜೂಕಿನ ಜಾಗ. ಮೊನೆ ಕೂದಲೆಳೆಯಷ್ಟು ಒಳಗೆ ಹೋಗಿ ಕರುಳಿಗೆ ತಾಗಿದರೆ ಹತ್ತು ಮನೆಯ ಬಾಡು ನಾರುತ್ತದೆ. ನಾನು ಚಾಕು ಎತ್ತಿದೆ. ಹಿಡಿ ಕೈಯೊಳಗೆ ಮೀನಿನ ಹಾಗೆ ತಿರುಗಿತು. ಕೈತುಂಬ ಕೊಬ್ಬು, ಅದರ ಮೇಲೆ ಮೂರು ಸಲದ ವಾರ್ನಿಶ್. ಬಟ್ಟೆಯಲ್ಲಿ ಒರೆಸಿ ಮತ್ತೆ ಹಿಡಿದೆ. ಮತ್ತೆ ತಿರುಗಿತು. ಚಾಕು ಇಳಿಸಿ ನಿಂತುಬಿಟ್ಟೆ.

ದೊಡ್ಡಪ್ಪನ ಮಗ ಫೋನು ಹೊರತೆಗೆದರು. “ಫೋನ್ ಮಾಡ್ಲೇನಪ್ಪ? ಅಂಗಡಿಯವನು ಅರ್ಧ ಗಂಟೇಲಿ ಬರ್ತಾನೆ.”

ಬೀಗರು ಮುಂದೆ ಬಂದು ಎಡಗೈಯಿಂದ ಚಾಕು ತೆಗೆದುಕೊಂಡು ಹಿಡಿಯ ಮೇಲೆ ಹೆಬ್ಬೆರಳು ಜಾರಿಸಿದರು.

“ಏನ್ ಬೀಗ್ರೇ, ಇದಕ್ಕೂ ಬೂಟ್ ಪಾಲಿಶ್ ಆಕ್ಬುಟ್ಟಿದ್ದೀರಾ?”

“ಪಾಲಿಶ್ ಅಲ್ರಿ. ವಾರ್ನಿಶ್.”

“ಎಷ್ಟ್ ಕೋಟು?”

“ಮೂರು.”

“ಸದ್ಯ, ಮೇಕೆಗೆ ಒಂದು ಕೋಟ್ ಒಡೀಲಿಲ್ವಲ್ಲ!”

ಇಡೀ ಮರದ ಕೆಳಗೆ ನಗು. ಕೆರೆಯ ಕಡೆ ನೋಡುತ್ತಿದ್ದ ಅಳಿಯನ ಭುಜ ಕೂಡ ಕುಲುಕುತ್ತಿತ್ತು. ನಾನೂ ನಕ್ಕೆ; ನಗದೆ ಬೇರೆ ದಾರಿಯಿರಲಿಲ್ಲ. “ಅಣ್ಣ, ಫೋನ್ ಒಳಗಿಡು, ಒಂದ್ನಿಮಿಷ,” ಅನ್ನುತ್ತಾ ಬೀಗರು, ನಾನು ಓಡಿಸಿಕೊಂಡು ಬಂದಿದ್ದ ತಮ್ಮ ಸ್ಕೂಟರಿನ ಹತ್ತಿರ ಹೋದರು. ಸೌದೆ ಕಟ್ಟಿ ತಂದಿದ್ದ ಸೈಕಲ್ ಟ್ಯೂಬಿನ ಪಟ್ಟಿ ಬಿಚ್ಚಿ ತಂದರು. ಒಂದು ತುದಿಯನ್ನು ಅವರು ಎಡಗೈಯಲ್ಲಿ ಬಿಗಿಯಾಗಿ ಹಿಡಿದರು, ನಾನು ಎರಡೂ ಕೈಯಿಂದ ಹಿಡಿಗೆ ಎಳೆದೆಳೆದು ಸುತ್ತಿದೆ. ಮುದುಕರಿಬ್ಬರಿಗೂ ಸೇರಿ ಮೂರು ಕೈ, ಕೆಲಸಕ್ಕೆ ಅಷ್ಟು ಸಾಕಾಯಿತು. ಆಮೇಲೆ ಮರದ ಪಕ್ಕದ ಹಳೇ ಕಲ್ಲೊಲೆಯ ತಣ್ಣನೆಯ ಬೂದಿಯಲ್ಲಿ ಕೈ ಉಜ್ಜಿ ತೊಳೆದುಕೊಂಡೆ.

ಈಗ ಚಾಕು ಕೈಯಲ್ಲಿ ನೆಟ್ಟಗೆ ನಿಂತಿತು. ಮೇಲ್ಗಡೆ ಸಣ್ಣದಾಗಿ ಬಾಯಿ ಮಾಡಿ, ಎಡಗೈಯ ಎರಡು ಬೆರಳನ್ನು ಒಳಗಿಟ್ಟು, ನಡುವೆ ಅಲಗನ್ನು ಹರಿತ ಹೊರಕ್ಕೆ ಬರುವಂತೆ ಇಟ್ಟೆ. ಕರುಳನ್ನು ಬೆರಳು ಹಿಂದಕ್ಕೆ ತಳ್ಳುತ್ತದೆ, ಅಲಗು ಹೊರಗಿನ ಪೊರೆಯನ್ನಷ್ಟೇ ಕೊಯ್ಯುತ್ತದೆ. “ನಿಧಾನ... ಅಂಗೇ... ಅಂಗೇ ಇಳೀಲಿ,” ಅಂತ ಬೀಗರು ಉಸಿರಿನಲ್ಲೇ ಹೇಳುತ್ತಿದ್ದರು. ಎದೆಯ ಮೂಳೆಯವರೆಗೂ ಗೆರೆ ನೇರವಾಗಿ ಬಂತು. ಒಳಗಿನದೆಲ್ಲ ಒಂದೂ ತೂತಿಲ್ಲದೆ ಇಡಿಯಾಗಿ ಕೆಳಗಿಳಿಯಿತು. ಅದನ್ನು ಹಿಡಿಯಲು ಬಾಣಲೆ ಚಾಚಿದವರು ಯಾರೆಂದು ನೋಡಿದರೆ ದೊಡ್ಡಪ್ಪನ ಮಗ! ಫೋನು ಜೇಬು ಸೇರಿತ್ತು.

ಮಚ್ಚಿನ ಕೆಲಸ ಬೇರೆಯವರು ಮಾಡಿದರು. ತೊಡೆ, ಪಕ್ಕೆ, ಈಲಿ ಅನ್ನುವ ಲಿವರ್, ಎಲ್ಲ ಪ್ರತಿ ಗುಡ್ಡೆಗೂ ಬೀಳಬೇಕು. ನಾನು ಎಲೆಗಳನ್ನು ನೇರ ಸಾಲಿಗೆ ತರಲು ಬಗ್ಗಿದರೆ ಬೀಗರು ತಡೆದರು: “ಸಾಲು ಬ್ಯಾಡ ಬೀಗ್ರೇ, ಸಮ ಇದ್ರೆ ಸಾಕು.” ಯಾವ ಗುಡ್ಡೆ ಯಾರಿಗೆ ಅನ್ನುವುದನ್ನು ಬೆನ್ನು ತಿರುಗಿಸಿ ನಿಂತ ಒಬ್ಬರು ಹೇಳಬೇಕು, ಆಗ ಯಾರದೂ ತಕರಾರಿಲ್ಲ. ಅಳಿಯ ಬಂದಾಗಿನಿಂದ ಬೆನ್ನು ತಿರುಗಿಸಿಯೇ ನಿಂತಿದ್ದನಲ್ಲ, ಅವನೇ ಆದ. “ಇದು ಯಾರಿಗೆ?” “ಹೆಬ್ಬಾಳದ ಚಿಕ್ಕಮ್ಮಂಗೆ!” “ಇದು?” “ದೊಡ್ಡಪ್ಪಂಗೆ!” ಬಹಳ ಗಟ್ಟಿಯಾಗಿ, ಧೈರ್ಯವಂತನ ದನಿಯಲ್ಲಿ ಕೂಗಿದ.

ತಲೆ-ಕಾಲು ಯಾವಾಗಲೂ ಚರ್ಮ ಬಿಡಿಸಿದವರಿಗೆ ಸೇರಬೇಕು. ಬೀಗರು ಅದನ್ನು ನನ್ನ ಚೀಲಕ್ಕೆ ಹಾಕಿದರು, ನಾನು ಅವರ ಚೀಲಕ್ಕೆ ಹಾಕಿದೆ. ಮತ್ತೆ ಅವರು, ಮತ್ತೆ ನಾನು. ಕೊನೆಗೆ ನನ್ನ ಮಗಳು ಬಂದು, “ಇಬ್ಬರ ಮನೀಗೂ ನಾನ ಮಗಳು,” ಅಂತ ಎತ್ತಿಕೊಂಡು ನಡೆದಳು.

ಹೊರಡುವಾಗ ದೊಡ್ಡಪ್ಪನ ಮಗ ಹೊಂಗೆಯ ಕೊಂಬೆಯನ್ನು ಜಗ್ಗಿ ನೋಡಿದರು. “ಮುಂದಿನ ವರ್ಷಾನೂ ಇವ್ರೇ ಏನಪ್ಪ?”

“ಪ್ಲಾಸ್ಟರ್ ಬಿಚ್ಚಿದ್ಮೇಲೆ ನಾನೇ. ಇವ್ರು ಸ್ಟಾಂಡ್‌ಬೈ.”

“ಅಂಗಾದ್ರೆ ಆ ಕಾರ್‌ನವ್ರಿಗೆ ಜಾಗ ಇಲ್ಲ ಅಂತ ಏಳ್ಬುಡ್ತೀನಿ. ಕೊಂಬೆ ಇನ್ನೂ ಗಟ್ಟಿ ಐತೆ.”

ವಾಪಸ್ ಹೋಗುವಾಗ ಸ್ಕೂಟರಿನ ಹಿಂದೆ ಕೂತ ಬೀಗರು ಎಡಗೈಯಿಂದ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು.

ಊಟ ಮುಗಿದು, ಎಲ್ಲರೂ ಚಾಪೆ ಹಿಡಿದ ಮೇಲೆ ನಾನು ಬೀಗರ ಹಿತ್ತಲಿನಲ್ಲಿ ಕೂತೆ. ಚಾಕನ್ನು ಮೊದಲು ತಣ್ಣೀರಿನಲ್ಲಿ, ಆಮೇಲೆ ಸೋಪು ಹಾಕಿ ತೊಳೆದು ಒಣಬಟ್ಟೆಯಲ್ಲಿ ಒರೆಸಿದೆ. ಟ್ಯೂಬಿನ ಪಟ್ಟಿ ಬಿಚ್ಚಿ ಸ್ಕೂಟರಿಗೆ ವಾಪಸ್ ಕಟ್ಟಿದೆ. ಮಗಳಿಂದ ಮರಳು ಕಾಗದ ಕೇಳಿ ತರಿಸಿಕೊಂಡು ಮೂರು ಸಲದ ವಾರ್ನಿಶನ್ನೂ ಉಜ್ಜಿ ತೆಗೆದೆ. ಮರ ಮತ್ತೆ ಅಂಗಡಿಯಲ್ಲಿದ್ದಷ್ಟೇ ಒರಟಾಯಿತು. ಅಲಗಿಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ, ಪೇಪರಿನಲ್ಲಿ ಸುತ್ತಿ, ಬೀಗರ ಅಟ್ಟದ ಮೇಲೆ ಹಳೇ ಚಾಕು ಇರುತ್ತಿದ್ದ ಜಾಗದಲ್ಲೇ ಇಟ್ಟು ಕೆಳಗಿಳಿದೆ.